ನೀತಿವಂತರೆಂಬ ನಿರ್ಣಯ: ಲೂಥರನ್ ಮತ್ತು ಕಥೋಲಿಕ ಚಿಂತನೆಯಲ್ಲಿ ರಕ್ಷಣೆ, ಧರ್ಮಶಾಸ್ತ್ರ ಮತ್ತು ಕೃಪೆ

ಪಾಶ್ಚಾತ್ಯ ಕ್ರೈಸ್ತ ಸಮುದಾಯವು ಹದಿನಾರನೆಯ ಶತಮಾನದಲ್ಲಿ ಒಡೆದುದಕ್ಕೆ ರಾಜಕೀಯ ಹಾಗೂ ಆರ್ಥಿಕ ಕಾರಣಗಳು ಹಲವಿದ್ದವು. ಆದರೆ ಆ ವಿವಾದದ ತಾತ್ತ್ವಿಕ ಕೇಂದ್ರದಲ್ಲಿದ್ದ ಪ್ರಶ್ನೆ ಒಂದೇ: ಪಾಪಿಯಾದ ಮನುಷ್ಯನು ದೇವರ ಮುಂದೆ ನೀತಿವಂತನಾಗಿ ನಿಲ್ಲುವುದು ಹೇಗೆ? ಕಥೋಲಿಕರು ಸತ್ಕ್ರಿಯೆಯಿಂದ ರಕ್ಷಣೆಯೆನ್ನುತ್ತಾರೆ, ಲೂಥರನ್ನರು ನಂಬಿಕೆಯಿಂದ ರಕ್ಷಣೆಯೆನ್ನುತ್ತಾರೆ ಎಂಬ ಸರಳ ವಿಭಜನೆ ರೂಢಿಯಲ್ಲಿದೆ. ಮೂಲ ದಾಖಲೆಗಳು ಇದನ್ನು ಸಮರ್ಥಿಸುವುದಿಲ್ಲ. ಕೃಪೆಯ ನೆರವಿಲ್ಲದೆ ಕೇವಲ ತನ್ನ ಕ್ರಿಯೆಗಳಿಂದ ಮನುಷ್ಯನು ನೀತಿವಂತನಾಗಬಲ್ಲನೆಂಬ ಮತವನ್ನು ಕಥೋಲಿಕರ ಟ್ರೆಂಟ್ ಮಹಾಸಭೆಯೇ (1545–1563) ತನ್ನ ಈ ವಿಷಯದ ಮೊದಲ ಸೂತ್ರದಲ್ಲಿ ಖಂಡಿಸಿದೆ. ಹೀಗಾಗಿ ಕೃಪೆ ಬೇಕೆ ಬೇಡವೆ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಕೃಪೆಯು ಮನುಷ್ಯನಲ್ಲಿ ಏನು ಮಾಡುತ್ತದೆ ಎಂಬುದರಲ್ಲಿದೆ.

ಈ ಭೇದದ ಬೇರು ಒಂದು ಕ್ರಿಯಾಪದದ ಅರ್ಥದಲ್ಲಿದೆ. ಸಂತ ಪೌಲನು ಬಳಸಿದ ಗ್ರೀಕ್ ಪದಕ್ಕೆ ನ್ಯಾಯಸ್ಥಾನದ ಹಿನ್ನೆಲೆಯಿದ್ದು, ಒಬ್ಬನನ್ನು ನೀತಿವಂತನೆಂದು ಘೋಷಿಸುವ ಅರ್ಥ ಅದರಲ್ಲಿ ಪ್ರಬಲವಾಗಿದೆ. ಅದರ ಲ್ಯಾಟಿನ್ ಅನುವಾದವಾದ ‘ಯುಸ್ತಿಫಿಕಾರೆ’ ಎಂಬುದು ‘ನೀತಿವಂತ’ ಮತ್ತು ‘ಮಾಡು’ ಎಂಬ ಎರಡು ಧಾತುಗಳಿಂದಾದುದು. ಸಂತ ಅಗಸ್ಟೀನನಿಂದ (354–430) ಮೊದಲ್ಗೊಂಡು ಮಧ್ಯಯುಗದ ಲ್ಯಾಟಿನ್ ಚಿಂತಕರು ಅದನ್ನು ಒಳಗಿನಿಂದ ನೀತಿವಂತನನ್ನಾಗಿ ಮಾಡುವುದು ಎಂದೇ ಗ್ರಹಿಸಿದರು. ಕನ್ನಡದ ‘ಸತ್ಯವೇದ’ದಲ್ಲಿ ಬಳಕೆಯಾಗಿರುವ ‘ನೀತಿವಂತರೆಂದು ನಿರ್ಣಯಿಸಲ್ಪಡು’ ಎಂಬ ಪ್ರಯೋಗವು ಮೊದಲನೆಯ ಅರ್ಥದ ಕಡೆಗೆ ವಾಲಿರುವುದು ಗಮನಾರ್ಹ.

ಅಗಸ್ಟೀನ್ ಪಂಥದ ಸಂನ್ಯಾಸಿಯಾಗಿದ್ದ ಮಾರ್ಟಿನ್ ಲೂಥರನಿಗೆ (1483–1546) ಈ ಪ್ರಶ್ನೆ ಕೇವಲ ಪಾಂಡಿತ್ಯದ ವಿಷಯವಾಗಿರಲಿಲ್ಲ. ‘ದೇವರ ನೀತಿ’ ಎಂಬ ಮಾತು ತನ್ನನ್ನು ಎಷ್ಟು ಕಾಡಿತ್ತೆಂಬುದನ್ನು ಅವನು 1545ರಲ್ಲಿ ತನ್ನ ಲ್ಯಾಟಿನ್ ಕೃತಿಗಳಿಗೆ ಬರೆದ ಮುನ್ನುಡಿಯಲ್ಲಿ ನೆನೆದಿದ್ದಾನೆ. ಆ ನೀತಿಯು ಪಾಪಿಯನ್ನು ದಂಡಿಸುವ ನೀತಿಯಲ್ಲ, ನಂಬಿಕೆಯ ಮೂಲಕ ಅವನಿಗೆ ದಾನವಾಗಿ ದೊರೆಯುವ ನೀತಿ ಎಂಬ ಅರಿವಿನಿಂದ ಅವನಿಗೆ ಸಮಾಧಾನ ದೊರೆಯಿತು. ಧರ್ಮಶಾಸ್ತ್ರದ ಕಾರ್ಯವು ಸಮಾಜದಲ್ಲಿ ಕೇಡನ್ನು ತಡೆಯುವುದು. ಅದಕ್ಕಿಂತ ಮುಖ್ಯವಾಗಿ, ಕನ್ನಡಿಯಂತೆ ಮನುಷ್ಯನಿಗೆ ಅವನ ಪಾಪವನ್ನು ತೋರಿಸುವುದು. ಸುವಾರ್ತೆಯಾದರೋ ಕ್ಷಮೆಯ ವಾಗ್ದಾನ. ಇವೆರಡನ್ನು ಬೆರೆಸಬಾರದೆಂಬುದು ಲೂಥರನ ನಿಲುವು. 1522ರ ತನ್ನ ಜರ್ಮನ್ ಅನುವಾದದಲ್ಲಿ ರೋಮಾಪುರದವರಿಗೆ ಬರೆದ ಪತ್ರದ 3:28ರಲ್ಲಿ ಅವನು ‘ಮಾತ್ರ’ ಎಂಬರ್ಥದ ಪದವನ್ನು ಸೇರಿಸಿದುದೂ, 1530ರಲ್ಲಿ ಅದನ್ನು ಸಮರ್ಥಿಸಿಕೊಂಡುದೂ ಈ ಹಿನ್ನೆಲೆಯಲ್ಲಿಯೇ.

ಟ್ರೆಂಟ್ ಮಹಾಸಭೆಯು 1547ರ ಜನವರಿ 13ರಂದು 16 ಅಧ್ಯಾಯಗಳು ಮತ್ತು 33 ಖಂಡನಾಸೂತ್ರಗಳುಳ್ಳ ನಿರ್ಣಯವನ್ನು ಅಂಗೀಕರಿಸಿತು. ಅದರ ಪ್ರಕಾರ ನೀತೀಕರಣವು ಪಾಪಕ್ಷಮೆಯಷ್ಟೇ ಅಲ್ಲ, ಅಂತರಂಗದ ಪವಿತ್ರೀಕರಣ ಹಾಗೂ ನವೀಕರಣವೂ ಹೌದು. ಕೃಪೆಯೇ ಮೊದಲು ಕರೆಯುತ್ತದೆ. ಆದರೆ ಮನುಷ್ಯನ ಸ್ವತಂತ್ರ ಇಚ್ಛೆಯು ಆ ಕರೆಗೆ ಸಮ್ಮತಿಸಿ ಸಹಕರಿಸುತ್ತದೆ. ಕ್ರಿಸ್ತನು ವಿಮೋಚಕನಷ್ಟೇ ಅಲ್ಲ, ವಿಧೇಯತೆಯನ್ನು ಬಯಸುವ ಶಾಸನಕರ್ತನೂ ಹೌದೆಂದು 21ನೆಯ ಸೂತ್ರವು ಹೇಳುತ್ತದೆ. ದೀಕ್ಷಾಸ್ನಾನದ ಬಳಿಕವೂ ಉಳಿಯುವ ದುರಾಸೆಯ ಪ್ರವೃತ್ತಿಯನ್ನು ಲೂಥರನ್ನರು ಪಾಪವೆಂದೇ ಕರೆದು, ವಿಶ್ವಾಸಿಯು ಏಕಕಾಲದಲ್ಲಿ ನೀತಿವಂತನೂ ಪಾಪಿಯೂ ಆಗಿರುತ್ತಾನೆ ಎನ್ನುತ್ತಾರೆ. ಕಥೋಲಿಕರಿಗೆ ಅದು ಪಾಪದಿಂದ ಬಂದು ಪಾಪದೆಡೆಗೆ ಎಳೆಯುವ ಪ್ರವೃತ್ತಿಯೇ ಹೊರತು ನಿಜಾರ್ಥದಲ್ಲಿ ಪಾಪವಲ್ಲ.

ಇಲ್ಲಿ ಎರಡು ಕಾಳಜಿಗಳು ಎದುರುಬದುರಾಗಿವೆ. ರಕ್ಷಣೆಯ ಅಲ್ಪಾಂಶವಾದರೂ ಮನುಷ್ಯನ ಯೋಗ್ಯತೆಯನ್ನು ಅವಲಂಬಿಸಿದರೆ ನೊಂದ ಅಂತಃಸಾಕ್ಷಿಗೆ ಶಾಂತಿಯೇ ಇಲ್ಲ ಎಂಬುದು ಲೂಥರನ್ನರ ಆತಂಕ. ಮನುಷ್ಯನ ಸಮ್ಮತಿಗೂ ಕ್ರಿಯೆಗೂ ಸ್ಥಾನವಿಲ್ಲವಾದರೆ ನೈತಿಕ ಹೊಣೆಗಾರಿಕೆಯ ಅಡಿಪಾಯವೇ ಕುಸಿಯುತ್ತದೆ, ನಿಶ್ಚಯವು ಪೊಳ್ಳು ಆತ್ಮವಿಶ್ವಾಸವಾಗುತ್ತದೆ ಎಂಬುದು ಟ್ರೆಂಟಿನ ಆತಂಕ. ಒಂದು ಪಕ್ಷವು ದೇವರ ತೀರ್ಪಿನ ಮುಂದೆ ನಿಂತ ಪಾಪಿಯ ಪರವಾಗಿ ಮಾತನಾಡಿದರೆ, ಇನ್ನೊಂದು ಕ್ಷಮೆ ಪಡೆದು ಬದುಕಬೇಕಾದ ಮನುಷ್ಯನ ಕುರಿತು ಮಾತನಾಡುತ್ತದೆ.

ಈ ಅರಿವು ಒಂದು ಅಧಿಕೃತ ದಾಖಲೆಯ ರೂಪ ಪಡೆದುದು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ ಲೂಥರನ್ ವಿಶ್ವ ಒಕ್ಕೂಟ ಮತ್ತು ಕಥೋಲಿಕ ಧರ್ಮಸಭೆಗಳು ನೀತೀಕರಣ ತತ್ತ್ವದ ಬಗೆಗಿನ ಜಂಟಿ ಘೋಷಣೆಗೆ ಸಹಿ ಹಾಕಿದವು. 44 ಪರಿಚ್ಛೇದಗಳ ಈ ದಾಖಲೆಯ ತಿರುಳು ಇಷ್ಟು: ಮನುಷ್ಯನ ಯಾವುದೇ ಯೋಗ್ಯತೆಯಿಂದಲ್ಲದೆ, ಕ್ರಿಸ್ತನ ರಕ್ಷಣಾಕಾರ್ಯದಲ್ಲಿನ ನಂಬಿಕೆಯಿಂದ, ಕೃಪೆಯೊಂದರಿಂದಲೇ ದೇವರು ಅವನನ್ನು ಸ್ವೀಕರಿಸುತ್ತಾನೆ, ಪವಿತ್ರಾತ್ಮನನ್ನು ಪಡೆದ ಅವನ ಹೃದಯವು ನವೀಕೃತವಾಗಿ ಸತ್ಕ್ರಿಯೆಗೆ ಅಣಿಯಾಗುತ್ತದೆ. ಘೋಷಣೆ ಮತ್ತು ನವೀಕರಣ ಎಂಬ ಎರಡೂ ಅರ್ಥಗಳು ಇಲ್ಲಿ ಒಂದೇ ಕೃಪೆಯ ಎರಡು ಮುಖಗಳಾಗಿವೆ. ಹದಿನಾರನೆಯ ಶತಮಾನದ ಖಂಡನೆಗಳನ್ನು ರದ್ದುಪಡಿಸಲಿಲ್ಲ. ಘೋಷಣೆಯಲ್ಲಿ ನಿರೂಪಿತವಾದ ಬೋಧನೆಗೆ ಅವು ಅನ್ವಯಿಸುವುದಿಲ್ಲವೆಂದು ಹೇಳಲಾಯಿತು.

ಒಮ್ಮತವು ಸುಲಭವಾಗಿ ಬರಲಿಲ್ಲ. 1998ರಲ್ಲಿ ಜರ್ಮನಿಯ ನೂರಕ್ಕೂ ಹೆಚ್ಚು ಪ್ರಾಟೆಸ್ಟಂಟ್ ದೈವಶಾಸ್ತ್ರ ಪ್ರಾಧ್ಯಾಪಕರು ಆಕ್ಷೇಪವೆತ್ತಿದ್ದರು; ಅದೇ ವರ್ಷ ‘ಏಕಕಾಲದಲ್ಲಿ ನೀತಿವಂತ ಮತ್ತು ಪಾಪಿ’ ಎಂಬ ಸೂತ್ರದ ಬಗೆಗೆ ರೋಮ್ ಕೂಡ ತೊಡಕನ್ನು ಸೂಚಿಸಿತ್ತು. 1999ರಲ್ಲಿ ಸೇರಿಸಲಾದ ಅನುಬಂಧವೊಂದು ದಾರಿಯನ್ನು ಸುಗಮಗೊಳಿಸಿತು. ಮುಂದೆ 2006ರಲ್ಲಿ ಮೆಥಡಿಸ್ಟರೂ 2017ರಲ್ಲಿ ರಿಫಾರ್ಮ್ಡ್ ಸಭೆಗಳ ವಿಶ್ವ ಸಂಘಟನೆಯೂ ಈ ಒಮ್ಮತದೊಂದಿಗೆ ಸೇರಿದವು. ಆದರೆ ಪ್ರಭುಭೋಜನದಲ್ಲಿ ಪರಸ್ಪರ ಭಾಗಿಗಳಾಗುವುದು, ಗುರುದೀಕ್ಷೆಯ ಮಾನ್ಯತೆ, 1517ರ ವಿವಾದಕ್ಕೆ ನಿಮಿತ್ತವಾದ ಪಾಪದಂಡ ವಿಮೋಚನೆ ಇವು ಇನ್ನೂ ಇತ್ಯರ್ಥವಾಗದೆ ಉಳಿದಿವೆ. ನಿರ್ಣಯಿಸುವುದು ಮತ್ತು ಮಾರ್ಪಡಿಸುವುದು ಎಂಬ ಎರಡು ಅರ್ಥಗಳು ಒಂದನ್ನೊಂದು ನಿರಾಕರಿಸಬೇಕಿಲ್ಲವೆಂಬ ಮಾತನ್ನು ಒಟ್ಟಾಗಿ ಹೇಳಲು ಉಭಯ ಪರಂಪರೆಗಳಿಗೆ ನಾಲ್ಕೂವರೆ ಶತಮಾನಗಳು ಬೇಕಾದವು. ಆಗ್ಸ್‌ಬರ್ಗ್ ಘೋಷಣೆಯ ಮಹತ್ತ್ವವಿರುವುದು ಭೇದವನ್ನು ಅಳಿಸಿದುದರಲ್ಲಲ್ಲ. ಯಾವ ಭೇದವು ವಿಭಜನೆಗೆ ಕಾರಣವಾಗಬೇಕಿಲ್ಲ ಎಂಬುದನ್ನು ವಿವೇಚಿಸಿದುದರಲ್ಲಿ.