ಬರಲಿರುವ ಜೀಪು ಹೇಗಿರಬೇಕು?

ಮೋಟಾರುಗಳಲ್ಲಿ ಆಸಕ್ತಿಯುಳ್ಳ ತರುಣರು ನಾಲ್ವರು ಒಂದೆಡೆ ಸೇರಿದರೆ ಸಾಕು, ಇಂದು ಮಾರಾಟದಲ್ಲಿರುವ ಬಂಡಿಗಿಂತಲೂ ನಾಳೆ ಬರಲಿರುವ ಬಂಡಿಯ ಮಾತೇ ಅಲ್ಲಿ ಹೆಚ್ಚಾಗಿ ನಡೆಯುವುದುಂಟು. ಅದರ ರೂಪವೇನು, ಯಂತ್ರದ ಶಕ್ತಿಯೆಷ್ಟು, ಬೆಲೆಯೇನು, ಯಾವ ತಿಂಗಳಲ್ಲಿ ಬರುವುದು ಎಂದು ಒಬ್ಬೊಬ್ಬರೂ ಒಂದೊಂದು ಬಗೆಯಾಗಿ ಭವಿಷ್ಯ ನುಡಿಯುವರು. ದೊಡ್ಡ ಪಟ್ಟಣಗಳಲ್ಲಿ ಈ ಚರ್ಚೆಯು ನೆಲಕ್ಕಂಟಿದಂತೆ ಓಡುವ, ಇಬ್ಬರೇ ಕುಳಿತುಕೊಳ್ಳಬಹುದಾದ ಸ್ಪೋರ್ಟ್ಸ್ ಕಾರುಗಳ ಸುತ್ತ ನಡೆಯುತ್ತದೆ. ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಕಡೆಗೆ ಬಂದರೆ ಅದೇ ಉತ್ಸಾಹವು ಜೀಪಿನ ಸುತ್ತ ಸುತ್ತುತ್ತಿರುವುದನ್ನು ಕಾಣಬಹುದು.

ಇದಕ್ಕೆ ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ನೆಲದಿಂದ ಐದಾರು ಅಂಗುಲವೂ ಎತ್ತರವಿಲ್ಲದ ಓಟದ ಕಾರು ನಮ್ಮಲ್ಲಿನ ಅನೇಕ ಮನೆಗಳ ಗೇಟಿನೆದುರಿನ ಚರಂಡಿಯನ್ನೇ ದಾಟಲಾರದು. ಇಲ್ಲಿ ಡಾಮರು ರಸ್ತೆಯಿಂದ ಮನೆಯಂಗಳಕ್ಕೆ ಇಳಿಯುವ ದಾರಿ ಕಡಿದಾದ ಗುಡ್ಡೆಯ ಬದಿಯಲ್ಲಿ ತಿರುಗಿ ತಿರುಗಿ ಹೋಗುತ್ತದೆ. ನಡುವೆ ಒಂದು ತೋಡು, ಅದರಾಚೆ ಅಡಿಕೆ ತೋಟ. ವರ್ಷಕ್ಕೆ 3,500 ಮಿಲಿಮೀಟರಿಗೂ ಮೇಲ್ಪಟ್ಟು ಮಳೆ ಸುರಿಯುವ ಈ ಸೀಮೆಯಲ್ಲಿ, ಆಟಿ ತಿಂಗಳ ಕೆಂಪು ಕೆಸರಿನಲ್ಲಿ ಆ ಏರನ್ನು ಹತ್ತಿ ಬರಬಲ್ಲ ಬಂಡಿಯೇ ನಮ್ಮವರ ಪಾಲಿಗೆ ಶ್ರೇಷ್ಠವಾದ ಬಂಡಿ. ಆದುದರಿಂದ ‘ಮುಂದಿನ ಜೀಪು ಹೇಗಿರುವುದು?’ ಎಂಬ ಪ್ರಶ್ನೆಯು ತರುಣರ ವಿನೋದಕ್ಕೆ ಮಾತ್ರ ಸೇರಿದುದಲ್ಲ. ಅದು ಗೃಹಸ್ಥನ ಪ್ರಶ್ನೆಯೂ ಹೌದು.

ಜೀಪಿನ ಹುಟ್ಟು ಯುದ್ಧರಂಗಕ್ಕಾಗಿ ಆಯಿತೆಂಬುದು ಅನೇಕರಿಗೆ ತಿಳಿದ ಸಂಗತಿ. 1940ನೆಯ ಇಸವಿಯಲ್ಲಿ ಅಮೇರಿಕದ ಸೈನ್ಯವು ನಾಲ್ಕು ಚಕ್ರಗಳಿಗೂ ಎಳೆತವಿರುವ ಹಗುರವಾದ ಬಂಡಿಯೊಂದನ್ನು ಕೇಳಿತು. ಬ್ಯಾಂಟಮ್, ವಿಲ್ಲಿಸ್, ಫೋರ್ಡ್ ಎಂಬ ಮೂರು ಕಂಪೆನಿಗಳು ಅದಕ್ಕೆ ರೂಪ ಕೊಟ್ಟವು. ಯುದ್ಧ ಮುಗಿಯುವಷ್ಟರಲ್ಲಿ ಆರು ಲಕ್ಷಕ್ಕೂ ಮಿಕ್ಕಿ ಜೀಪುಗಳು ತಯಾರಾಗಿದ್ದುವು. ಅದಕ್ಕಿಂತ ನಮಗೆ ಹೆಚ್ಚು ಸ್ವಾರಸ್ಯದ ವಿಷಯವೇನೆಂದರೆ, 1945ರಲ್ಲಿ ವಿಲ್ಲಿಸ್ ಕಂಪೆನಿಯವರು ಜನಸಾಮಾನ್ಯರಿಗೆಂದು ಮಾರಾಟಕ್ಕಿಟ್ಟ ಮೊದಲ ಜೀಪನ್ನು ಮುಖ್ಯವಾಗಿ ರೈತರ ಮುಂದಿಟ್ಟುದು. ಹೊಲ ಉಳುವುದಕ್ಕೂ ಯಂತ್ರಗಳನ್ನು ತಿರುಗಿಸುವುದಕ್ಕೂ ಅದು ಒದಗುವುದೆಂದು ಅವರು ಸಾರಿದರು. ಸ್ವಾತಂತ್ರ್ಯ ಬಂದ ಕಾಲದಲ್ಲಿ ಮಹೀಂದ್ರ ಕಂಪೆನಿಯು ಅದೇ ಜೀಪನ್ನು ಭಾರತಕ್ಕೆ ತಂದು, ಬಿಡಿಭಾಗಗಳನ್ನು ಮುಂಬಯಿಯಲ್ಲಿ ಜೋಡಿಸಿ ಮಾರತೊಡಗಿತು.

ಘಟ್ಟದ ಬುಡದ ನಮ್ಮ ಹಳ್ಳಿಗಳಲ್ಲಿ ಈ ಬಂಡಿಯು ಮಾಡದ ಕೆಲಸವಿಲ್ಲ. ಬಸ್ಸು ಹೋಗದಲ್ಲಿಗೆ ಸರ್ವಿಸ್ ಜೀಪು ಹೋಯಿತು. ಗೊಬ್ಬರದ ಮೂಟೆ, ಅಡಿಕೆಯ ಗೋಣಿ, ರಬ್ಬರಿನ ಹಾಳೆ, ಮದುವೆಯ ದಿಬ್ಬಣ, ಶಾಲೆಯ ಮಕ್ಕಳು ಎಲ್ಲವನ್ನೂ ಅದೇ ಹೊತ್ತಿತು. ನಡುರಾತ್ರಿಯಲ್ಲಿ ಹೆರಿಗೆ ನೋವು ಕಾಣಿಸಿಕೊಂಡ ತಾಯಿಯನ್ನೂ, ಹಾವು ಕಚ್ಚಿದ ಕೂಲಿಯವನನ್ನೂ ಗುಡ್ಡೆಯಿಂದ ಇಳಿಸಿ ಪುತ್ತೂರಿನ ಅಥವಾ ಸುಳ್ಯದ ಆಸ್ಪತ್ರೆಗೆ ಮುಟ್ಟಿಸಿದ ಪುಣ್ಯವೂ ಅದಕ್ಕೆ ಸೇರಬೇಕು. ಈ ಪೂರ್ವವೃತ್ತಾಂತವನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನ ಬಂಡಿಯ ವಿಚಾರ ಮಾಡತಕ್ಕದ್ದು.

ಹಳೆಯ ಜೀಪುಗಳ ಉತ್ತರಾಧಿಕಾರಿಯಾಗಿ 2010ರ ಅಕ್ಟೋಬರಿನಲ್ಲಿ ಮಹೀಂದ್ರದವರು ‘ಥಾರ್’ ಎಂಬ ಬಂಡಿಯನ್ನು ತಂದರು. ಮರುಭೂಮಿಯ ಹೆಸರು ಹೊತ್ತ ಬಂಡಿಗೆ ಮಳೆಯ ನಾಡಿನಲ್ಲಿ ಇಷ್ಟು ಮಂದಿ ಅಭಿಮಾನಿಗಳಾದುದು ಒಂದು ತಮಾಷೆಯೇ ಸರಿ. 2020ರ ಅಕ್ಟೋಬರಿನಲ್ಲಿ ಅದರ ಎರಡನೆಯ ತಲೆಮಾರು ಬಂದಿತು. ಇದು ಹೊರನೋಟದಲ್ಲಿ ಜೀಪಿನಂತೆಯೇ ಇದ್ದರೂ ಒಳಗೆ ಕಾರಿನ ಸೌಖ್ಯವನ್ನು ಪಡೆದಿದ್ದಿತು. ಆದರೆ ಬಾಗಿಲುಗಳು ಮಾತ್ರ ಮೂರೇ. ಹಿಂದಿನ ಪೀಠಕ್ಕೆ ಮುಂದಿನ ಪೀಠವನ್ನು ಮಡಿಸಿ ನುಸುಳಬೇಕು. ಅಂದಿನಿಂದಲೇ ‘ಐದು ಬಾಗಿಲಿನ ಥಾರ್ ಬರಲಿದೆ’ ಎಂಬ ಸುದ್ದಿ ಹಬ್ಬಿತು. ಕಾದವರು ನಾಲ್ಕು ವರ್ಷ ಕಾದರು. 2024ರ ಆಗಸ್ಟ್ 15ರಂದು ‘ಥಾರ್ ರಾಕ್ಸ್’ ಎಂಬ ಹೆಸರಿನಲ್ಲಿ ಆ ಬಂಡಿ ಹೊರಬಿದ್ದಿತು. ಊಹೆಯೇನೋ ನಿಜವಾಯಿತು, ಆದರೆ ಆ ನಾಲ್ಕು ಮಳೆಗಾಲಗಳಲ್ಲಿ ಗುಡ್ಡೆಯ ಮನೆಯವನ ಕೆಲಸಗಳು ಯಾವುವೂ ಅವನಿಗಾಗಿ ಕಾದುಕೊಂಡಿರಲಿಲ್ಲ.

ಈಗ ಹೊಸ ಊಹೆಗಳ ಕಾಲ. ಇವುಗಳಲ್ಲಿ ತಿಳಿದಿರುವುದನ್ನೂ ಊಹಿಸಿದುದನ್ನೂ ಬೇರ್ಪಡಿಸಿಕೊಳ್ಳುವುದು ಒಳ್ಳೆಯದು. 2023ರ ಆಗಸ್ಟ್ 15ರಂದು ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ ವಿದ್ಯುತ್ತಿನಿಂದ ಓಡುವ ‘ಥಾರ್ ಇ’ ಎಂಬ ಮಾದರಿಯನ್ನು ಪ್ರದರ್ಶಿಸಲಾಯಿತು. 2025ರ ಆಗಸ್ಟ್ 15ರಂದು ಮುಂಬಯಿಯಲ್ಲಿ ‘ವಿಷನ್’ ಎಂಬ ಹೆಸರಿನ ನಾಲ್ಕು ಮಾದರಿಗಳನ್ನು ತೋರಿಸಿ, ಇವುಗಳ ಆಧಾರದ ಬಂಡಿಗಳು 2027ರಿಂದ ಬರತೊಡಗುವುವೆಂದು ಕಂಪೆನಿಯವರು ತಿಳಿಸಿದರು. ಅವುಗಳಲ್ಲಿ ‘ವಿಷನ್ ಟಿ’ ಎಂಬುದು ಚೌಕಾಕಾರದ ಮೈಕಟ್ಟಿನಿಂದ ಥಾರ್‌ನ ದಾಯಾದಿಯಂತೆ ಕಾಣುತ್ತದೆ. ‘ವಿಷನ್ ಎಸ್‌ಎಕ್ಸ್‌ಟಿ’ ಎಂಬುದಕ್ಕೆ ಹಿಂಬದಿಯಲ್ಲಿ ಸಾಮಾನು ಹೇರಲು ತೆರೆದ ತೊಟ್ಟಿಯಿದೆ. ಗೋಣಿ ಹೊರುವ ಅಡಿಕೆ ಬೆಳೆಗಾರನ ಕಣ್ಣು ಈ ಎರಡನೆಯದರ ಮೇಲೆ ಬೀಳುವುದು ಸಹಜ. ಆದರೆ ಪ್ರದರ್ಶನದ ಮಾದರಿಯು ಮದುವೆಗೆ ಮುಂಚೆ ತೋರಿಸುವ ಭಾವಚಿತ್ರವಿದ್ದಂತೆ. ಸಂಸಾರದಲ್ಲಿ ಒದಗುವ ಗುಣಗಳು ಅದರಲ್ಲಿ ಕಾಣಿಸಲಾರವು.

ಊಹಾಪೋಹಗಳ ಮುಖ್ಯ ವಿವಾದವು ಬಂಡಿಯ ಎಲುಬಿಗೆ ಸಂಬಂಧಪಟ್ಟುದು. ಜೀಪಿನಲ್ಲಿ ಏಣಿಯಾಕಾರದ ಉಕ್ಕಿನ ಚಾಸಿಯ ಮೇಲೆ ಒಡಲನ್ನು ಕೂಡಿಸಿರುತ್ತಾರೆ. ಹೊಸ ಮಾದರಿಗಳ ತಳಹದಿಯಾದರೋ ಇಂದಿನ ಕಾರುಗಳಂತೆ ಒಡಲು ಚಾಸಿಗಳೆರಡೂ ಒಂದಾಗಿರುವ ಗೂಡು. ಗೂಡಿನ ಬಂಡಿಯು ಹಗುರ, ಹೆದ್ದಾರಿಯಲ್ಲಿ ಸ್ಥಿರ. ಎಣ್ಣೆಯ ಖರ್ಚೂ ಸಾಮಾನ್ಯವಾಗಿ ಕಡಮೆ. ಏಣಿಯ ಚಾಸಿಯು ಭಾರ. ಆದರೆ ಕಲ್ಲುಗುಂಡಿಗಳ ತಿರುಚಾಟವನ್ನು ವರ್ಷಾನುವರ್ಷ ತಾಳಿಕೊಳ್ಳುತ್ತದೆ, ಅಪಘಾತದಲ್ಲಿ ಒಡಲು ಜಜ್ಜಿದರೂ ಬಡಿದು ಸರಿಮಾಡಲು ಅನುಕೂಲ. ಕಡಬದಿಂದ ಮಂಗಳೂರಿಗೆ ದಿನವೂ ಹೋಗಿಬರುವವನಿಗೆ ಗೂಡು ಲೇಸು. ಕೊಲ್ಲಮೊಗ್ರದಂಥ ಊರಿನ ತೋಟದೊಳಗೆ ಗೊಬ್ಬರ ಸಾಗಿಸುವವನಿಗೆ ಏಣಿಯೇ ಲೇಸು.

ಇದರೊಡನೆ ಕೇಳಬೇಕಾದ ಇನ್ನೊಂದು ಮಾತು ಇಳಿಗಿಯರಿನದು. ನಾಲ್ಕು ಚಕ್ರಗಳಿಗೆ ಎಳೆತವಿದೆಯೆಂದ ಮಾತ್ರಕ್ಕೆ ಬಂಡಿ ಜೀಪಾಗಲಾರದು. ಎತ್ತರದ ಏರಿನಲ್ಲಿ ವೇಗವನ್ನು ಕುಗ್ಗಿಸಿ ಬಲವನ್ನು ಇಮ್ಮಡಿ ಮುಮ್ಮಡಿಗೊಳಿಸುವ ಮತ್ತೊಂದು ಹಲ್ಲುಚಕ್ರದ ಜೋಡಿ ಬೇಕು. ಇಳಿಯುವಾಗಲೂ ಬ್ರೇಕನ್ನು ಕಾಯಿಸದೆ ಯಂತ್ರವೇ ಬಂಡಿಯನ್ನು ಹಿಡಿದುಕೊಳ್ಳುವಂತೆ ಮಾಡುವುದು ಇದೇ. 2023ರ ಜೂನಿನಲ್ಲಿ ಬಂದ ಮಾರುತಿಯವರ ಐದು ಬಾಗಿಲಿನ ಜಿಮ್ನಿಯು ಚಿಕ್ಕದೂ ಹಗುರವೂ ಆಗಿದ್ದರೂ ಏಣಿಯ ಚಾಸಿಯನ್ನೂ ಇಳಿಗಿಯರನ್ನೂ ಉಳಿಸಿಕೊಂಡಿದೆ. ಮುಂದಿನ ಬಂಡಿಯಲ್ಲಿ ಇವೆರಡೂ ಇಲ್ಲವಾದರೆ ಅದು ಜೀಪಿನ ವೇಷ ತೊಟ್ಟ ಕಾರೆಂದೇ ತಿಳಿಯತಕ್ಕದ್ದು.

ವಿದ್ಯುತ್ತಿನ ಜೀಪಿನ ವಿಷಯವಾಗಿ ನಮ್ಮಲ್ಲಿ ಎರಡು ಪಕ್ಷಗಳಿವೆ. ವಿದ್ಯುತ್ ಮೋಟಾರು ನಿಂತ ನಿಲುವಿನಿಂದಲೇ ಪೂರ್ಣಬಲವನ್ನು ಕೊಡುವುದರಿಂದ ಏರು ಹತ್ತುವುದಕ್ಕೆ ಅದಕ್ಕಿಂತ ಮೇಲಾದುದಿಲ್ಲ. ಘಟ್ಟ ಇಳಿಯುವಾಗ ಬ್ಯಾಟರಿಗೆ ಸ್ವಲ್ಪ ಶಕ್ತಿ ಮರಳಿ ಬರುತ್ತದೆ. ಇದು ಒಂದು ಪಕ್ಷ. ಇನ್ನೊಂದು ಪಕ್ಷದವರು ಕರೆಂಟಿನ ಮಾತೆತ್ತುವರು. ಮಹೀಂದ್ರದವರು 2024ರ ನವೆಂಬರಿನಲ್ಲಿ ತಂದ ವಿದ್ಯುತ್ ಕಾರುಗಳ ಚಿಕ್ಕ ಬ್ಯಾಟರಿಯೇ 59 ಯೂನಿಟ್ಟಿನದು. ದಿನಕ್ಕೆ ಐದು ಯೂನಿಟ್ ಉರಿಸುವ ಮನೆಗೆ ಅದು ಹನ್ನೊಂದು ಹನ್ನೆರಡು ದಿನಗಳ ಖರ್ಚಿಗೆ ಸಮಾನ. ಬೇಸಿಗೆಯಲ್ಲಿ ತೋಟದ ಪಂಪುಗಳೆಲ್ಲ ಒಮ್ಮೆಲೇ ತಿರುಗುವಾಗ ದೀಪವೇ ಮಂಕಾಗುವ ಲೈನಿನಲ್ಲಿ, ಮಳೆಗಾಲದಲ್ಲಿ ಮರ ಬಿದ್ದು ತಂತಿ ಕಡಿದ ದಿನಗಳಲ್ಲಿ ಇಷ್ಟನ್ನು ತುಂಬಿಸುವುದು ಹೇಗೆ? ಮಾಡಿನ ಮೇಲೆ ಸೂರ್ಯಶಕ್ತಿಯ ಫಲಕವುಳ್ಳವರಿಗೆ ಎಂಟು ತಿಂಗಳು ಅನುಕೂಲವಾದೀತು. ಉಳಿದ ನಾಲ್ಕು ತಿಂಗಳು ಮೋಡಕ್ಕೆ ಸೇರಿದುವು. ಪೇಟೆಯ ಮನೆಗೆ ವಿದ್ಯುತ್ತು ಬೇಗ ಹೊಂದೀತು, ಕಾಡಂಚಿನ ಮನೆಗೆ ತಡವಾದೀತು ಎಂಬಷ್ಟೇ ಇದರ ಇತ್ಯರ್ಥ.

ನೀರಿನ ವಿಷಯದಲ್ಲಿ ಒಂದು ಎಚ್ಚರಿಕೆ ಅವಶ್ಯಕ. 2020ರ ಥಾರ್ 650 ಮಿಲಿಮೀಟರ್ ಆಳದ ನೀರನ್ನು, ಎಂದರೆ ಎರಡಡಿಗಿಂತ ಸ್ವಲ್ಪ ಹೆಚ್ಚಿನದನ್ನು ದಾಟಬಲ್ಲುದೆಂದು ಕಂಪೆನಿಯ ಲೆಕ್ಕ. ನೆಲದಿಂದ ಅದರ ಎತ್ತರ 226 ಮಿಲಿಮೀಟರ್. ಮುಂದಿನದು ಇನ್ನೂ ಆಳಕ್ಕೆ ಇಳಿಯುವುದೆಂದು ತರುಣರು ಬಾಜಿ ಕಟ್ಟುವರು. ಆದರೆ ಈ ಲೆಕ್ಕವು ನಿಂತ ನೀರಿಗೆ ಸಂಬಂಧಪಟ್ಟುದು. ಹರಿಯುವ ನೀರು ಎರಡಡಿಯಿದ್ದರೆ ಹೆಚ್ಚಿನ ಬಂಡಿಗಳನ್ನು ಎತ್ತಿ ಸಾಗಿಸಲು ಸಾಕು. ಕಡಬದ ಹೊಸಮಠದಲ್ಲಿ ಎತ್ತರದ ಸೇತುವೆಯಾಗುವ ಮೊದಲು ಮಳೆಗಾಲದಲ್ಲಿ ಮುಳುಗುತ್ತಿದ್ದ ಹಳೆಯ ಸೇತುವೆಯನ್ನು ಬಲ್ಲವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಕೆಂಪು ನೀರು ಹರಿಯುವಾಗ ದಂಡೆಯಲ್ಲಿ ನಿಲ್ಲುವ ಬುದ್ಧಿಯನ್ನು ಯಾವ ತಲೆಮಾರಿನ ಬಂಡಿಯೂ ಕೊಡಲಾರದು.

ಕುಟುಂಬಸ್ಥನು ಸುರಕ್ಷೆಯನ್ನೂ ನೋಡಬೇಕು. ಹಳೆಯ ಜೀಪಿನಲ್ಲಿ ಎದುರುಬದುರಿನ ಬೆಂಚುಗಳ ಮೇಲೆ ಕುಳಿತವರಿಗೆ ಹಿಡಿಯಲು ಒಂದು ಕಂಬಿಯೇ ಆಧಾರವಾಗಿತ್ತು. 2020ರ ಥಾರ್ ಜಾಗತಿಕ ಡಿಕ್ಕಿ ಪರೀಕ್ಷೆಯಲ್ಲಿ ನಾಲ್ಕು ನಕ್ಷತ್ರಗಳನ್ನೂ, ರಾಕ್ಸ್ 2024ರಲ್ಲಿ ಭಾರತದ ಪರೀಕ್ಷೆಯಲ್ಲಿ ಐದನ್ನೂ ಪಡೆದುವು. ಹಳೆಯ ಜೀಪಿಗೆ ಹತ್ತು ಹದಿನೈದು ಜನ ಹತ್ತುತ್ತಿದ್ದರು; ಹೊಸತರಲ್ಲಿ ನಾಲ್ವರು ಅಥವಾ ಐವರು. ಊರಿಗೊಂದು ಬಂಡಿಯಾಗಿದ್ದುದು ಮನೆಗೊಂದು ಬಂಡಿಯಾಗುತ್ತ ಬಂದಿದೆ. ಸ್ವಂತ ಬಂಡಿ ಇಲ್ಲದ ನೆರೆಯವನಿಗೆ ಇದರಿಂದಾದ ನಷ್ಟವನ್ನು ಯಾವ ಅಭಿಮಾನಿಯ ಪಟ್ಟಿಯಲ್ಲಿಯೂ ಕಾಣೆವು.

ಇನ್ನು ಬೆಲೆಯ ಮಾತು. 2024ರಲ್ಲಿ ರಾಕ್ಸ್ ಬಂದಾಗ ಶೋರೂಮಿನ ಬೆಲೆ 12.99 ಲಕ್ಷ ರೂಪಾಯಿಗಳಿಂದ ಆರಂಭವೆಂದು ಎಲ್ಲರೂ ಕೇಳಿದರು. ಅದು ಹಿಂದಿನ ಎರಡೇ ಚಕ್ರಗಳಿಗೆ ಎಳೆತವುಳ್ಳ ಬಂಡಿಯ ಬೆಲೆ. ನಾಲ್ಕು ಚಕ್ರದ್ದು 18.79 ಲಕ್ಷದಿಂದ ಮೊದಲಾಯಿತು. ಗುಡ್ಡೆಯವನಿಗೆ ಬೇಕಾದುದು ಎರಡನೆಯದು. ಮುಂದಿನ ಬಂಡಿಯ ಬೆಲೆಯ ಸುದ್ದಿ ಬಂದಾಗಲೂ ‘ಇದು ಯಾವುದರ ಬೆಲೆ?’ ಎಂದು ಮೊದಲು ವಿಚಾರಿಸುವುದು ಜಾಣತನ. ಅಂತೆಯೇ ದುರಸ್ತಿಯ ವಿಚಾರ. ಹಳೆಯ ಜೀಪಿನ ರೋಗವನ್ನು ಪೇಟೆಯ ಮೇಸ್ತ್ರಿಯು ಸದ್ದು ಕೇಳಿಯೇ ಹೇಳುತ್ತಿದ್ದನು. ಇಂದಿನದಕ್ಕೆ ಕಂಪ್ಯೂಟರು ಜೋಡಿಸಿ ನೋಡಬೇಕು. ಬಿಡಿಭಾಗಕ್ಕೂ ಕುಶಲಿಗೂ ಮಂಗಳೂರಿನವರೆಗೆ ಹೋಗಬೇಕಾದರೆ, ಬಂಡಿ ಎಷ್ಟೇ ಬಲಶಾಲಿಯಾದರೂ ಅಂಗಳದಲ್ಲಿ ನಿಂತ ಅಲಂಕಾರವಷ್ಟೇ.

ತರುಣರು ಕನಸು ಕಾಣಲಿ. ಅವರ ಬೇಡಿಕೆಯ ಕೂಗಿನಿಂದಲೇ ಐದು ಬಾಗಿಲು ಬಂದಿತೆಂದು ಅವರು ಹೆಮ್ಮೆಪಡುವುದಕ್ಕೆ ಅಡ್ಡಿಯಿಲ್ಲ. ಮನೆಯ ಯಜಮಾನರು ಮಾತ್ರ ಆ ಕನಸಿನ ಪಟ್ಟಿಗೆ ತಮ್ಮ ನಾಲ್ಕು ಪ್ರಶ್ನೆಗಳನ್ನು ಸೇರಿಸಲಿ: ಆಟಿಯ ಕೆಸರಿನಲ್ಲಿ ನಮ್ಮ ಏರನ್ನು ಹತ್ತುವುದೇ? ಅಜ್ಜಿಯು ಇನ್ನೊಬ್ಬರ ಕೈ ಹಿಡಿಯದೆ ಏರಿ ಕುಳಿತುಕೊಳ್ಳಬಲ್ಲಳೇ? ಕರೆಂಟಿಲ್ಲದ ಮೂರು ದಿನಗಳ ಬಳಿಕವೂ ಆಸ್ಪತ್ರೆಗೆ ಹೊರಡುವುದೇ? ಕೆಟ್ಟರೆ ತಾಲೂಕಿನೊಳಗೆ ಸರಿಯಾಗುವುದೇ? ಈ ನಾಲ್ಕಕ್ಕೂ ಹೌದೆಂಬ ಉತ್ತರ ಕೊಡುವ ಬಂಡಿಯು 2027ರಲ್ಲಿ ಬಂದರೆ ಸಂತೋಷ. ಅಷ್ಟರವರೆಗೆ, ಹಳೆಯ ಜೀಪುಳ್ಳವರು ಮಳೆಗೆ ಮೊದಲು ಅದರ ಬ್ರೇಕನ್ನೂ ಟಯರನ್ನೂ ಪರೀಕ್ಷಿಸಿಟ್ಟುಕೊಳ್ಳುವುದು ಉತ್ತಮ.