ಬೈಕ್ ಎಂಜಿನ್ ಕೂರಿಸಿದ ಮಾತ್ರಕ್ಕೆ ಅದು ವಿಮಾನವಲ್ಲ

ಹಳೆಯ ಬೈಕಿನ ಎಂಜಿನ್, ಒಂದಿಷ್ಟು ಅಲ್ಯೂಮಿನಿಯಂ ಪೈಪು, ಬಟ್ಟೆಯ ರೆಕ್ಕೆ, ಜೊತೆಗೆ ಎದೆಗಾರಿಕೆ, ಇಷ್ಟಿದ್ದರೆ ವಿಮಾನ ತಯಾರು ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಬಯಲಿನಲ್ಲಿ ಇಂಥ ಯಂತ್ರವೊಂದು ನೆಲದಿಂದ ನಾಲ್ಕು ಅಡಿ ಎದ್ದ ವಿಡಿಯೊ ಹರಿದಾಡಿದರೆ ಸಾಕು, ಅದನ್ನು ಕಟ್ಟಿದ ಹುಡುಗ ಸಂಜೆಯ ಸುದ್ದಿಯಲ್ಲಿ ವಿಜ್ಞಾನಿಯಾಗಿರುತ್ತಾನೆ. ಹುಡುಗನ ಉತ್ಸಾಹದ ಬಗ್ಗೆ ನನ್ನ ತಕರಾರಿಲ್ಲ. ಗುಜರಿ ಅಂಗಡಿಯ ಸಾಮಾನಿನಲ್ಲಿ ಒಂದು ಯಂತ್ರವನ್ನು ನಿಲ್ಲಿಸಬಲ್ಲ ಕೈಗೆ ಬೆಲೆ ಇದ್ದೇ ಇದೆ. ತಕರಾರು ಇರುವುದು ಆ ಸುದ್ದಿ ನೋಡುಗರ ತಲೆಯಲ್ಲಿ ಬಿಟ್ಟುಹೋಗುವ ಎರಡು ತೀರ್ಮಾನಗಳ ಬಗ್ಗೆ. ಒಂದು, ಅಶ್ವಶಕ್ತಿ ಎಲ್ಲಿದ್ದರೂ ಅಶ್ವಶಕ್ತಿಯೇ, ರಸ್ತೆಯಲ್ಲಿ ಓಡಿಸಿದ ಎಂಜಿನ್ ಆಕಾಶದಲ್ಲೂ ಓಡಿಸುತ್ತದೆ. ಇನ್ನೊಂದು, ಎಂಜಿನ್ ಸಾಕಷ್ಟು ದೊಡ್ಡದಿದ್ದರೆ ಹಾರುವುದು ತಾನಾಗಿ ಬರುತ್ತದೆ. ಎರಡೂ ತಪ್ಪು. ಎರಡನೆಯದಂತೂ ಜೀವ ತೆಗೆಯುವ ತಪ್ಪು.

ಮೊದಲನೆಯದನ್ನು ಎರಡು ಎಂಜಿನ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಸುಜುಕಿ ಹಯಬುಸಾ ಬೈಕಿನ ಎಂಜಿನ್ 1340 ಸಿಸಿ, ಹೆಚ್ಚುಕಡಿಮೆ 190 ಅಶ್ವಶಕ್ತಿ. ಜಗತ್ತಿನಾದ್ಯಂತ ಹಗುರ ವಿಮಾನಗಳಲ್ಲಿ ಕಾಣಸಿಗುವ ರೋಟಾಕ್ಸ್ 912 ಎಂಜಿನ್ನಿನ ದೊಡ್ಡ ಮಾದರಿ 1352 ಸಿಸಿ, ಕೊಡುವುದು 100 ಅಶ್ವಶಕ್ತಿ. ಅದನ್ನೂ ಐದು ನಿಮಿಷ ಮಾತ್ರ, ಆಮೇಲೆ ತಗ್ಗಿಸಬೇಕು ಎಂದು ತಯಾರಕರೇ ಮಿತಿ ಹಾಕಿದ್ದಾರೆ. ಇನ್ನೂ ಹಳೆಯ ಕಾಂಟಿನೆಂಟಲ್ ಓ-200 ಎಂಜಿನ್ 3.3 ಲೀಟರಿನಷ್ಟು ದೊಡ್ಡದಾಗಿದ್ದೂ ಅದೇ 100 ಅಶ್ವಶಕ್ತಿಗೆ ನಿಲ್ಲುತ್ತದೆ. ವಿಮಾನದ ಎಂಜಿನ್ ಮಾಡುವವರು ದಡ್ಡರೇ? ಉತ್ತರ ಇರುವುದು ಆರ್‌ಪಿಎಂನಲ್ಲಿ. ಹಯಬುಸಾ ತನ್ನ ಶಕ್ತಿಯನ್ನು ಪೂರ್ತಿ ಕೊಡುವುದು 9,700 ಆರ್‌ಪಿಎಂ ಹತ್ತಿರ. 1.7 ಮೀಟರ್ ಅಗಲದ ಪ್ರೊಪೆಲ್ಲರನ್ನು ಆ ವೇಗದಲ್ಲಿ ನೇರವಾಗಿ ತಿರುಗಿಸಿದರೆ ಅದರ ತುದಿ ಸೆಕೆಂಡಿಗೆ 860 ಮೀಟರ್ ದಾಟಬೇಕಾಗುತ್ತದೆ, ಅಂದರೆ ಶಬ್ದದ ವೇಗದ ಎರಡೂವರೆ ಪಟ್ಟು. ಅಷ್ಟಕ್ಕೆ ಬಹಳ ಮೊದಲೇ ಪ್ರೊಪೆಲ್ಲರ್ ಗಾಳಿಯನ್ನು ತಳ್ಳುವುದು ಬಿಟ್ಟು ಬರೀ ಗದ್ದಲ ಮಾಡುತ್ತಿರುತ್ತದೆ, ಅಲಗು ಕಿತ್ತುಹೋದರೂ ಆಶ್ಚರ್ಯವಿಲ್ಲ. ಹಾಗಾಗಿ ವೇಗ ತಗ್ಗಿಸಲು ನಡುವೆ ಗಿಯರ್ ಅಥವಾ ಬೆಲ್ಟ್ ಬೇಕೇ ಬೇಕು. ರೋಟಾಕ್ಸ್‌ನಲ್ಲಿ 5,800 ಆರ್‌ಪಿಎಂ ಗಿಯರಿನ ಮೂಲಕ 2,400ರ ಆಸುಪಾಸಿಗೆ ಇಳಿದು ಪ್ರೊಪೆಲ್ಲರ್ ತಲುಪುತ್ತದೆ.

ಬೈಕಿಗೂ ಗಿಯರ್‌ಬಾಕ್ಸ್ ಇದೆಯಲ್ಲ, ಅದನ್ನೇ ಬಳಸಿದರಾಯಿತು ಎಂದು ಇಲ್ಲಿಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಬೈಕಿನ ಗಿಯರ್‌ಬಾಕ್ಸಿನ ಶಾಫ್ಟ್ ಚೈನಿನ ಅಡ್ಡ ಎಳೆತಕ್ಕೆಂದು ಮಾಡಿದ್ದು. ಪ್ರೊಪೆಲ್ಲರ್ ಅದನ್ನು ಉದ್ದಕ್ಕೆ ಎಳೆಯುತ್ತದೆ, ವಿಮಾನ ಮೂತಿ ತಿರುಗಿಸಿದಾಗಲೆಲ್ಲ ಬಗ್ಗಿಸಲು ನೋಡುತ್ತದೆ. ಅದಕ್ಕಿಂತ ಕೆಟ್ಟದ್ದು ತಿರುಚುವ ಕಂಪನ. ಸಿಲಿಂಡರ್ ಪ್ರತಿ ಸಲ ಉರಿದಾಗಲೂ ಕ್ರ್ಯಾಂಕ್ ಶಾಫ್ಟಿಗೆ ಒಂದು ಏಟು ಬೀಳುತ್ತದೆ. ಬೈಕಿನಲ್ಲಿ ಆ ಏಟನ್ನು ಕ್ಲಚ್ಚಿನ ಸ್ಪ್ರಿಂಗು, ಚೈನು, ಹಿಂದಿನ ಚಕ್ರದ ಹಬ್ಬಿನೊಳಗಿನ ರಬ್ಬರು, ಕೊನೆಗೆ ಟೈರು ಹಂಚಿಕೊಂಡು ನುಂಗುತ್ತವೆ. ಪ್ರೊಪೆಲ್ಲರ್ ಹಾಗಲ್ಲ, ತನ್ನ ಜಡತ್ವದಿಂದ ಒಂದೇ ಸಮನೆ ತಿರುಗಲು ಹಟ ಹಿಡಿಯುತ್ತದೆ. ಮಧ್ಯೆ ಸಿಕ್ಕ ಶಾಫ್ಟು ಒಂದು ನಿರ್ದಿಷ್ಟ ಆರ್‌ಪಿಎಂನಲ್ಲಿ ಅನುರಣನೆಗೆ ಸಿಕ್ಕರೆ ಕೆಲವೇ ಗಂಟೆಗಳಲ್ಲಿ ಬಿರುಕು ಬಿಟ್ಟು ತುಂಡಾಗಬಹುದು. ನೆಲದ ಮೇಲೆ ಕಟ್ಟಿಹಾಕಿ ಅರ್ಧ ಗಂಟೆ ಓಡಿಸಿದಾಗ ಇದಾವುದೂ ಕಾಣಿಸಿಕೊಳ್ಳುವುದಿಲ್ಲ. ಅದಕ್ಕೇ ಅಂಗಳದಲ್ಲಿ ಚೆನ್ನಾಗಿ ಓಡಿತು ಎಂಬ ಸಾಕ್ಷ್ಯಕ್ಕೆ ಬೆಲೆ ಇಲ್ಲ.

ಇನ್ನು ದುಡಿಮೆಯ ರೀತಿ. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುವ 350 ಸಿಸಿ ಬುಲೆಟ್‌ಗೆ ತನ್ನ ಇಪ್ಪತ್ತು ಅಶ್ವಶಕ್ತಿಯಲ್ಲಿ ನಾಲ್ಕೈದು ಸಾಕು. ಉಳಿದದ್ದು ಓವರ್‌ಟೇಕ್ ಮಾಡುವ ಕೆಲವು ಸೆಕೆಂಡಿಗೆ. ವಿಮಾನಕ್ಕೆ ಆ ವಿರಾಮವಿಲ್ಲ. ಏರುವಾಗ ಪೂರ್ತಿ ಥ್ರಾಟಲ್, ನೆಟ್ಟಗೆ ಹಾರುವಾಗಲೂ ಮುಕ್ಕಾಲು ಭಾಗದ ಶಕ್ತಿ, ಅದೂ ಗಂಟೆಗಟ್ಟಲೆ. ಆಗುಂಬೆ ಘಾಟಿಯನ್ನು ಆಕ್ಸಿಲರೇಟರ್ ತಿರುವಿ ಹಿಡಿದು ಎಲ್ಲೂ ಬಿಡದೆ ಎರಡು ಗಂಟೆ ಹತ್ತುತ್ತಲೇ ಇದ್ದಂತೆ ಇದು. ಯೆಜ್ಡಿಯನ್ನೋ ಆರ್‌ಎಕ್ಸ್ 100 ಅನ್ನೋ ಹಾಗೆ ಓಡಿಸಿದವರಿಗೆ ಪಿಸ್ಟನ್ ಸೀಜ್ ಎಂದರೇನು ಎಂದು ವಿವರಿಸಬೇಕಾಗಿಲ್ಲ. ರಸ್ತೆಯಲ್ಲಿ ಅದಾದರೆ ಬದಿಗೆ ನಿಲ್ಲಿಸಿ ಆರಲು ಬಿಡಬಹುದು. ಆ ಹಳೆಯ ಬೈಕುಗಳಲ್ಲಿದ್ದಂಥ ಟೂ-ಸ್ಟ್ರೋಕ್ ಎಂಜಿನ್ ಯಾವ ಕ್ಷಣದಲ್ಲೂ ನಿಲ್ಲಬಹುದು ಎಂದು ಹಗುರ ವಿಮಾನಗಳಿಗೆಂದೇ ಅವನ್ನು ಮಾಡುವವರೂ ಕೈಪಿಡಿಯಲ್ಲಿ ಎಚ್ಚರಿಸುತ್ತಾರೆ. ಬೆಂಗಳೂರಿನ ಹವೆ ತಂಪು, ಎಂಜಿನ್ನಿಗೆ ಒಳ್ಳೆಯದು ಎನ್ನುವುದೂ ಪೂರ್ತಿ ನಿಜವಲ್ಲ. ಹದಿನೈದು ಡಿಗ್ರಿಯ ತೇವದ ಮುಂಜಾನೆ ಕಾರ್ಬ್ಯುರೇಟರಿನ ಗಂಟಲಿನಲ್ಲಿ ಮಂಜುಗಡ್ಡೆ ಕಟ್ಟಲು ಹೇಳಿ ಮಾಡಿಸಿದ ಹೊತ್ತು, ಏಕೆಂದರೆ ಪೆಟ್ರೋಲ್ ಆವಿಯಾಗುತ್ತ ಅಲ್ಲಿಯ ಗಾಳಿಯನ್ನು ಇಪ್ಪತ್ತು ಡಿಗ್ರಿಗಿಂತಲೂ ಹೆಚ್ಚು ತಣಿಸಬಲ್ಲದು. ವಿಮಾನಗಳಲ್ಲಿ ಬಿಸಿಗಾಳಿ ಹಾಯಿಸುವ ಪ್ರತ್ಯೇಕ ಹಿಡಿಕೆ ಇರುವುದು ಅದಕ್ಕೇ. ಮಧ್ಯಾಹ್ನದ ಕಥೆ ಬೇರೆ. ಸುಮಾರು 3,000 ಅಡಿ ಎತ್ತರದ ಜಕ್ಕೂರು ವಿಮಾನ ನಿಲ್ದಾಣದಲ್ಲಿ 32 ಡಿಗ್ರಿ ಬಿಸಿಲಿದ್ದರೆ ಗಾಳಿ 5,800 ಅಡಿ ಎತ್ತರದಲ್ಲಿ ಇರುವಷ್ಟು ತೆಳುವಾಗಿರುತ್ತದೆ. ಎಂಜಿನ್ ಆಗಲೇ ಆರನೇ ಒಂದು ಪಾಲು ಶಕ್ತಿ ಕಳೆದುಕೊಂಡಿರುತ್ತದೆ, ರೆಕ್ಕೆಗೂ ಪ್ರೊಪೆಲ್ಲರಿಗೂ ಹಿಡಿತ ಕಡಿಮೆಯಾಗಿರುತ್ತದೆ.

ಇತಿಹಾಸವೇ ಬೈಕ್ ಎಂಜಿನ್ನಿನ ಪರ ಇದೆಯಲ್ಲ ಎಂಬುದು ಬಲವಾದ ಆಕ್ಷೇಪ. ನಿಜ, 1909ರಲ್ಲಿ ಲೂಯಿ ಬ್ಲೇರಿಯೊ ಇಂಗ್ಲಿಷ್ ಕಡಲ್ಗಾಲುವೆ ದಾಟಿದ್ದು ಬೈಕ್ ರೇಸಿನ ಎಂಜಿನ್‌ಗಳಿಗೆ ಹೆಸರಾಗಿದ್ದ ಅಂಜಾನಿಯ 25 ಅಶ್ವಶಕ್ತಿಯ ಎಂಜಿನ್‌ನಲ್ಲಿ. ಅಮೆರಿಕದ ಗ್ಲೆನ್ ಕರ್ಟಿಸ್ ವಿಮಾನಕ್ಕೆ ಬಂದದ್ದೂ ಮೋಟಾರ್‌ಸೈಕಲ್ ತಯಾರಿಕೆಯಿಂದ. ಆದರೆ ಇದನ್ನು ಹೇಳುವವರು 1923ಕ್ಕೆ ಬರುವುದೇ ಇಲ್ಲ. ಆ ವರ್ಷ ಇಂಗ್ಲೆಂಡಿನ ಲಿಮ್ (Lympne) ಎಂಬಲ್ಲಿ 750 ಸಿಸಿ ಮೀರದ ಎಂಜಿನ್‌ಗಳ ಪುಟ್ಟ ವಿಮಾನಗಳಿಗೆ ಸ್ಪರ್ಧೆ ನಡೆಯಿತು. 398 ಸಿಸಿಯ ಬೈಕ್ ಎಂಜಿನ್ ಹೊತ್ತ ರೆನ್ ಎಂಬ ವಿಮಾನ ಗ್ಯಾಲನ್ನಿಗೆ 87.5 ಮೈಲಿ ಹಾರಿತು, ಅಂದರೆ ಲೀಟರಿಗೆ ಸುಮಾರು 31 ಕಿ.ಮೀ. ಇಂದಿನ ಬೈಕುಗಳೂ ಒಪ್ಪುವ ಮೈಲೇಜು. ಹಾಗಿದ್ದೂ ಆ ವಿಮಾನಗಳು ಬಳಕೆಗೆ ಬರಲಿಲ್ಲ. ಎದುರುಗಾಳಿಗೆ ಸೋಲುತ್ತಿದ್ದವು, ಇಬ್ಬರನ್ನು ಹೊರುವ ತ್ರಾಣವಿರಲಿಲ್ಲ, ಎಂಜಿನ್‌ಗಳು ಕೈಕೊಡುತ್ತಿದ್ದವು. ಅದೇ ಸ್ಪರ್ಧೆಗೆ ಡಗ್ಲಸ್ ಬೈಕ್ ಎಂಜಿನ್ ಹಾಕಿದ ವಿಮಾನ ತಂದಿದ್ದ ಡಿ ಹ್ಯಾವಿಲೆಂಡ್ ಕಂಪನಿ ಪಾಠ ಕಲಿತು, 1925ರಲ್ಲಿ 60 ಅಶ್ವಶಕ್ತಿಯ ವಿಮಾನದ್ದೇ ಎಂಜಿನ್ ಹಾಕಿ ಮಾತ್ ಎಂಬ ವಿಮಾನ ಹೊರತಂದಿತು. ಜನಸಾಮಾನ್ಯರು ಹಾರಲು ಕಲಿತದ್ದು ಅದರಿಂದ. 1929ರಲ್ಲಿ ಜೆ.ಆರ್.ಡಿ. ಟಾಟಾ ಭಾರತದ ಮೊದಲ ಪೈಲಟ್ ಪರವಾನಗಿ ಪಡೆದಾಗ ಇಲ್ಲಿನ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಇದ್ದದ್ದೂ ಮಾತ್‌ಗಳೇ.

ಇಂದು ಬಿಎಂಡಬ್ಲ್ಯು ಬೈಕಿನ ಬಾಕ್ಸರ್ ಎಂಜಿನ್ ಹಾಕಿಕೊಂಡು ಯೂರೋಪಿನಲ್ಲಿ ಹಾರುವವರಿದ್ದಾರೆ, ಅದನ್ನೂ ಅಲ್ಲಗಳೆಯಲಾಗದು. ಅವರು ಮಾಡುವ ಕೆಲಸ ನೋಡಿ. ಬೈಕಿನ ಗಿಯರ್‌ಬಾಕ್ಸ್ ಕಳಚುತ್ತಾರೆ, ಪ್ರೊಪೆಲ್ಲರಿಗೆಂದೇ ಮಾಡಿದ ಗಿಯರ್ ಕೂರಿಸುತ್ತಾರೆ, ಬೇಕಾದೆಡೆ ಇಗ್ನಿಷನ್, ತೈಲ, ತಂಪಾಗಿಸುವ ವ್ಯವಸ್ಥೆ ಬದಲಿಸುತ್ತಾರೆ. ಕೊನೆಗೆ ಉಳಿಯುವುದು ಬೈಕಿನ ಸಿಲಿಂಡರು, ಬೈಕಿನ ಎಂಜಿನ್ ಅಲ್ಲ. ರೋಟಾಕ್ಸ್ ಕಂಪನಿ ಬೈಕಿಗೂ ಎಂಜಿನ್ ಮಾಡಿದೆ, ಬಿಎಂಡಬ್ಲ್ಯುವಿನ ಎಫ್ 650 ಓಡಿದ್ದು ಅದರಿಂದಲೇ. ಹಾಗಿದ್ದೂ ವಿಮಾನಕ್ಕೆ ಬೈಕಿನ ಎಂಜಿನ್ನನ್ನು ಎತ್ತಿಡದೆ 912 ಎಂಬ ಬೇರೆಯದನ್ನೇ ರೂಪಿಸಿ, ಪ್ರತಿ ಸಿಲಿಂಡರಿಗೂ ಎರಡು ಸ್ಪಾರ್ಕ್ ಪ್ಲಗ್, ಒಂದು ಕೆಟ್ಟರೂ ಇನ್ನೊಂದು ನಡೆಸುವ ಎರಡು ಇಗ್ನಿಷನ್ ಕೊಟ್ಟಿತು. ಎರಡನ್ನೂ ಬಲ್ಲವರೇ ಎರಡನ್ನೂ ಬೇರೆಯಾಗಿ ಇಟ್ಟಿದ್ದಾರೆ.

ಇಷ್ಟೆಲ್ಲ ಸರಿಪಡಿಸಿದರೂ ಎರಡನೇ ತಪ್ಪು ಉಳಿಯುತ್ತದೆ. ಅದಕ್ಕೆ 1903ಕ್ಕಿಂತ ಒಳ್ಳೆಯ ಉತ್ತರವಿಲ್ಲ. ಆ ವರ್ಷ ಸ್ಯಾಮ್ಯುಯೆಲ್ ಲ್ಯಾಂಗ್ಲಿಯವರ ಬಳಿ 52 ಅಶ್ವಶಕ್ತಿಯ ಎಂಜಿನ್ ಇತ್ತು, ಅಮೆರಿಕ ಸರ್ಕಾರ ಕೊಟ್ಟ 50,000 ಡಾಲರ್ ಇತ್ತು, ವಿಜ್ಞಾನಿಯೆಂಬ ಹೆಸರೂ ಇತ್ತು. ಅವರ ವಿಮಾನವೇರಿದ ಚಾರ್ಲ್ಸ್ ಮ್ಯಾನ್ಲಿ ಅದಕ್ಕೆ ಮುಂಚೆ ಒಮ್ಮೆಯೂ ಹಾರಿದವರಲ್ಲ. ಅಕ್ಟೋಬರ್ 7ರಂದು ಒಮ್ಮೆ, ಡಿಸೆಂಬರ್ 8ರಂದು ಮತ್ತೊಮ್ಮೆ ವಿಮಾನ ಪೊಟೋಮ್ಯಾಕ್ ನದಿಗೆ ಬಿತ್ತು. ಮ್ಯಾನ್ಲಿ ಬದುಕಿದ್ದು ಪುಣ್ಯ. ಒಂಬತ್ತು ದಿನಗಳ ನಂತರ ರೈಟ್ ಸಹೋದರರು ಹಾರಿದರು, ಸುಮಾರು 12 ಅಶ್ವಶಕ್ತಿಯಲ್ಲಿ. ಸೈಕಲ್ ಮಾದರಿಯ ಚೈನು ಹಾಕಿ ಎಂಜಿನ್ ವೇಗವನ್ನು ಮೂರನೇ ಒಂದಕ್ಕೆ ತಗ್ಗಿಸಿ ಪ್ರೊಪೆಲ್ಲರಿಗೆ ಕೊಟ್ಟಿದ್ದರು. ಅದಕ್ಕೂ ಮುಂಚಿನ ಮೂರು ವರ್ಷ ಅವರ ಬಳಿ ಎಂಜಿನ್ನೇ ಇರಲಿಲ್ಲ. ಗಾಳಿ ಸುರಂಗ ಕಟ್ಟಿ ಇನ್ನೂರರಷ್ಟು ರೆಕ್ಕೆಯ ಆಕಾರ ಪರೀಕ್ಷಿಸಿದ್ದರು, ಗ್ಲೈಡರಿನಲ್ಲಿ ನೂರಾರು ಬಾರಿ ಮರಳದಿಬ್ಬದಿಂದ ಇಳಿದು ಹಾರಾಟವನ್ನು ಮೈಗೂಡಿಸಿಕೊಂಡಿದ್ದರು. ಎಂಜಿನ್ ಅವರಿಗೆ ಕೊನೆಯ ಕೆಲಸ, ನಮ್ಮವರಿಗೆ ಮೊದಲನೆಯದು.

ಮೂವತ್ತು ವರ್ಷದ ಮೇಲೆ ಫ್ರಾನ್ಸಿನ ಹೆನ್ರಿ ಮಿನ್ಯೆ ಅದೇ ತಪ್ಪನ್ನು ಇನ್ನೊಂದು ದಾರಿಯಿಂದ ಮಾಡಿದ. 17 ಅಶ್ವಶಕ್ತಿಯ ಬೈಕ್ ಎಂಜಿನ್ನಿನ ಅವನ ‘ಆಕಾಶದ ಚಿಗಟ’ಕ್ಕೆ ಕಾಲಲ್ಲಿ ತುಳಿಯುವ ಪೆಡಲೂ ಇರಲಿಲ್ಲ. ಮರದ ಪೆಟ್ಟಿಗೆ ಜೋಡಿಸಬಲ್ಲವರು ಇದನ್ನೂ ಕಟ್ಟಿ ಹಾರಿಸಬಹುದು ಎಂಬುದು ಅವನ ಭರವಸೆ. ನಂಬಿದವರು ಮನೆಯಲ್ಲೇ ಕಟ್ಟಿದರು, ಹಲವರು ಸತ್ತರು. ಗಾಳಿ ಸುರಂಗದಲ್ಲಿ ಪರೀಕ್ಷಿಸಿದಾಗ ಗೊತ್ತಾದದ್ದು: ಮೂತಿ ಒಂದು ಮಿತಿ ಮೀರಿ ಕೆಳಗೆ ಬಾಗಿದರೆ ಎರಡು ರೆಕ್ಕೆಗಳ ನಡುವಿನ ಗಾಳಿಯ ಹರಿವು ಅದನ್ನು ಮತ್ತೆ ಮೇಲೇಳಲು ಬಿಡುತ್ತಿರಲಿಲ್ಲ. ಪೈಲಟ್ ಹಿಡಿಕೆಯನ್ನು ಎಷ್ಟು ಎಳೆದರೂ ಪ್ರಯೋಜನವಿರಲಿಲ್ಲ. ಅಲ್ಲಿ ಎಂಜಿನ್ನಿನ ತಪ್ಪೇನೂ ಇರಲಿಲ್ಲ.

ಹಾರಲು ಕಲಿಯುವುದೆಂದರೆ ಬಹುಪಾಲು ಎಂಜಿನ್ ಇಲ್ಲದಿದ್ದರೆ ಏನು ಮಾಡಬೇಕೆಂದು ಕಲಿಯುವುದು. ಎಂಜಿನ್ ನಿಂತರೆ ವಿಮಾನ ಕಲ್ಲಿನಂತೆ ಬೀಳುತ್ತದೆ ಎನ್ನುವುದು ಸುಳ್ಳು. ತರಬೇತಿಯ ಸೆಸ್ನಾ 152 ಒಂದಡಿ ಇಳಿಯುವಷ್ಟರಲ್ಲಿ ಒಂಬತ್ತು ಅಡಿ ಮುಂದೆ ಸಾಗುತ್ತದೆ. ನೆಲದಿಂದ 3,000 ಅಡಿ ಮೇಲಿದ್ದರೆ ಎಂಟು ಕಿ.ಮೀ. ಜಾರಿಕೊಂಡು ಹೋಗಿ ಇಳಿಯಬಹುದು. ಬೀಳಿಸುವುದು ಸ್ಟಾಲ್, ಅಂದರೆ ಮೂತಿಯನ್ನು ಅತಿಯಾಗಿ ಎತ್ತಿ ರೆಕ್ಕೆಯ ಮೇಲಿನ ಗಾಳಿ ಕಿತ್ತುಹೋಗುವಂತೆ ಮಾಡುವುದು. ಎಂಜಿನ್ ಪೂರ್ತಿ ಓಡುತ್ತಿರುವಾಗಲೂ ಅದಾಗುತ್ತದೆ. ನೆಲ ಮೇಲೆ ಬರುತ್ತಿದೆ ಎಂದು ಕಂಡಾಗ ಹಿಡಿಕೆಯನ್ನು ತನ್ನತ್ತ ಎಳೆದುಕೊಳ್ಳುವುದು ಮನುಷ್ಯನ ಸಹಜ ಪ್ರವೃತ್ತಿ. ಆ ಕ್ಷಣ ಮುಂದಕ್ಕೆ ತಳ್ಳಬೇಕು. ಪಕ್ಕದಲ್ಲಿ ಬೋಧಕರು ಕೂತು ಮತ್ತೆ ಮತ್ತೆ ಸ್ಟಾಲ್ ಮಾಡಿಸಿ ಕಲಿಸದೆ ಯಾವ ಕೈಯೂ ಅದನ್ನು ಮಾಡದು. ಖಾಸಗಿ ಪೈಲಟ್ ಪರವಾನಗಿಗೆ ಕನಿಷ್ಠ 40 ಗಂಟೆ ಹಾರಾಟ ಬೇಕೆನ್ನುವುದು ಕಾಗದದ ಶಾಸ್ತ್ರವಲ್ಲ. ಉಳಿದ ತಪ್ಪು ಕಲ್ಪನೆಗಳಿಗೆ ಒಂದೊಂದು ಮಾತು ಸಾಕು: ಕನ್ನಡಕ ಹಾಕಿದವರೂ ಪೈಲಟ್ ಆಗಬಹುದು, ಪುಟ್ಟ ಮೈಕ್ರೋಲೈಟಿಗೂ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ನೋಂದಣಿ ಬೇಕು, ರೆಕ್ಕೆಯ ಮೇಲಿನ ಗಾಳಿಯೂ ಕೆಳಗಿನ ಗಾಳಿಯೂ ಒಂದೇ ಹೊತ್ತಿಗೆ ಹಿಂದಿನ ಅಂಚು ತಲುಪಬೇಕೆಂಬ ನಿಯಮ ಭೌತವಿಜ್ಞಾನದಲ್ಲಿ ಎಲ್ಲೂ ಇಲ್ಲ, ಮೇಲಿನದು ಮೊದಲೇ ತಲುಪುತ್ತದೆ.

ಹಾರಿತು ಎಂದು ಯಾರಾದರೂ ಹೇಳಿದರೆ ಪ್ರಶ್ನೆ ಕೇಳದೆ ನಂಬುವುದು ನಮ್ಮಲ್ಲಿ ಹಳೆಯ ಚಾಳಿ. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಸಿದ ‘ವೈಮಾನಿಕ ಶಾಸ್ತ್ರ’ವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು 1974ರಲ್ಲೇ ಪರಿಶೀಲಿಸಿ, ಅದು 20ನೇ ಶತಮಾನದ ಆರಂಭದ ಕೃತಿ, ಅದರ ವಿಮಾನಗಳು ಹಾರಲಾರವು ಎಂದು ಲೆಕ್ಕ ಸಮೇತ ಬರೆದರು. ಅರ್ಧ ಶತಮಾನ ಕಳೆದರೂ ಅದು ಪ್ರಾಚೀನ ಭಾರತದ ವಿಮಾನವಿದ್ಯೆ ಎಂಬ ನಂಬಿಕೆ ಸಾಯಲಿಲ್ಲ. ಅದೇ ಬೆಂಗಳೂರಿನಲ್ಲಿ ವಿ.ಎಂ. ಘಾಟಗೆಯವರ ತಂಡ ವಿನ್ಯಾಸ ಮಾಡಿದ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಹಾರಿತು, ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ (ಎನ್‌ಎಎಲ್) ಕಟ್ಟಿದ ಹಂಸ 1993ರಲ್ಲಿ ಹಾರಿತು. ಹಂಸಕ್ಕೆ ಡಿಜಿಸಿಎ ಪ್ರಮಾಣಪತ್ರ ಸಿಗಲು 2000ದವರೆಗೆ ಕಾಯಬೇಕಾಯಿತು. ವಿಮಾನವೊಂದನ್ನು ನಂಬಲು ಅನುಭವಿಗಳಿಗೇ ಆರೇಳು ವರ್ಷ ಬೇಕಾದಾಗ, ಒಂದು ವಿಡಿಯೊ ನೋಡಿ ನಂಬುವ ಅವಸರ ನಮಗೇಕೆ?

ನಿಮ್ಮೂರಿನ ಹುಡುಗನೊಬ್ಬ ಇಂಥ ಯಂತ್ರ ಕಟ್ಟಿದ್ದರೆ ಅವನನ್ನು ಅದರಲ್ಲಿ ಕೂರಲು ಬಿಡಬೇಡಿ, ಹುರಿದುಂಬಿಸಲೂ ಬೇಡಿ. ಗುರುತ್ವ ಕೇಂದ್ರ ಎಲ್ಲಿದೆ, ಎಷ್ಟು ವೇಗಕ್ಕೆ ಸ್ಟಾಲ್ ಆಗುತ್ತದೆ, ಹಾರಲು ಯಾರಿಂದ ಕಲಿತೆ ಎಂದು ಕೇಳಿ. ಉತ್ತರವಿಲ್ಲದಿದ್ದರೆ ಶಾಲು-ಹಾರಕ್ಕೆ ಎತ್ತಿಟ್ಟ ಹಣವನ್ನು ಅವನ ಮೊದಲ ಕೆಲವು ಗಂಟೆಗಳ ಹಾರಾಟ ತರಬೇತಿಗೆ ಕೊಡಿ.