ಹಾಸಿಗೆ ಇದ್ದಷ್ಟು ಕಾಲು ಚಾಚು: ಗ್ರೀಸ್ ಸಾಲದ ಬಿಕ್ಕಟ್ಟನ್ನು ಪಾಠ ಮಾಡುವಾಗ

ಕಳೆದ ಅಭ್ಯಾಸ ಬೋಧನೆಯ ಅವಧಿಯಲ್ಲಿ ದ್ವಿತೀಯ ಪಿಯುಸಿ ಅರ್ಥಶಾಸ್ತ್ರದ ಪಾಠವೊಂದನ್ನು ವೀಕ್ಷಿಸುತ್ತಿದ್ದೆ. ವಿಷಯ ವಿದೇಶಿ ವಿನಿಮಯ ದರ. ಪ್ರಶಿಕ್ಷಣಾರ್ಥಿ ಚೆನ್ನಾಗಿಯೇ ಸಿದ್ಧರಾಗಿ ಬಂದಿದ್ದರು. ಗ್ರೀಸ್ ದೇಶದ ಉದಾಹರಣೆ ಕೊಟ್ಟು, ಆದಾಯಕ್ಕಿಂತ ಹೆಚ್ಚು ಖರ್ಚು ಮಾಡಿ ಆ ದೇಶ ಸಾಲದಲ್ಲಿ ಮುಳುಗಿತು ಎಂದು ವಿವರಿಸಿ, ಕಪ್ಪು ಹಲಗೆಯ ಮೇಲೆ ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದು ಬರೆದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಮೇಡಂ, ಅವರ ನೋಟನ್ನ ಅವರೇ ಅಚ್ಚು ಹಾಕಿ ಸಾಲ ತೀರಿಸಬಹುದಿತ್ತಲ್ವಾ?” ಎಂದು ಕೇಳಿದಳು. “ಅದು ಸಿಲಬಸ್‌ನಲ್ಲಿ ಇಲ್ಲ, ಕೂತ್ಕೋ” ಎಂಬ ಉತ್ತರ ಬಂತು.

ಆ ದಿನದ ಪಾಠದ ತಿರುಳೇ ಆ ಪ್ರಶ್ನೆಯಲ್ಲಿತ್ತು. ಗಾದೆ ಸುಳ್ಳಲ್ಲ, ಆದರೆ ಗ್ರೀಸ್‌ನ ಮಟ್ಟಿಗೆ ಅದು ಅರ್ಧ ಮಾತ್ರ ನಿಜ. ಉಳಿದರ್ಧವನ್ನು ತರಗತಿಯಲ್ಲಿ ಹೇಗೆ ಬಿಡಿಸಿ ಹೇಳಬಹುದು ಎಂಬುದೇ ಈ ಲೇಖನದ ಉದ್ದೇಶ.

ನೋಟು ಯಾರ ಕೈಯಲ್ಲಿತ್ತು?

ಗ್ರೀಸ್‌ನ ಹಳೆಯ ನಾಣ್ಯ ದ್ರಾಕ್ಮಾ. 1999ರ ಜನವರಿ 1ರಂದು 11 ದೇಶಗಳು ಸೇರಿ ಯೂರೋ ನಾಣ್ಯವನ್ನು ಆರಂಭಿಸಿದವು. ಗ್ರೀಸ್ 2001ರಲ್ಲಿ ಸೇರಿತು. ನೋಟು, ಚಿಲ್ಲರೆ ಜನರ ಕೈಗೆ ಬಂದದ್ದು 2002ರ ಆರಂಭದಲ್ಲಿ. ಈ ಒಕ್ಕೂಟಕ್ಕೆ ಅಡಿಪಾಯ 1992ರ ಮಾಸ್ಟ್ರಿಕ್ಟ್ ಒಪ್ಪಂದ. ಸರ್ಕಾರದ ವಾರ್ಷಿಕ ಕೊರತೆ ಜಿಡಿಪಿಯ ಶೇ 3ನ್ನು, ಒಟ್ಟು ಸಾಲ ಶೇ 60ನ್ನು ಮೀರಬಾರದು ಎಂಬ ಮಿತಿಗಳು ಅದರಲ್ಲಿದ್ದವು. ಎಷ್ಟು ನೋಟು ಇರಬೇಕು, ಬಡ್ಡಿ ಎಷ್ಟಿರಬೇಕು ಎಂಬುದು ಫ್ರಾಂಕ್‌ಫರ್ಟ್‌ನಲ್ಲಿರುವ ಯುರೋಪಿಯನ್ ಕೇಂದ್ರ ಬ್ಯಾಂಕಿನ ಅಧಿಕಾರಕ್ಕೆ ಹೋಯಿತು. ತೆರಿಗೆ ಮತ್ತು ಖರ್ಚು ಮಾತ್ರ ಆಯಾ ದೇಶದ ಸರ್ಕಾರದಲ್ಲೇ ಉಳಿದವು.

ಯೂರೋಗೆ ಸೇರಿದ್ದರಿಂದ ಗ್ರೀಸ್‌ಗೆ ಸಿಕ್ಕ ದೊಡ್ಡ ಲಾಭ ಅಗ್ಗದ ಸಾಲ. ಒಂದೇ ನಾಣ್ಯವಾದ ಮೇಲೆ ಗ್ರೀಸ್‌ಗೆ ಕೊಟ್ಟ ಸಾಲವೂ ಜರ್ಮನಿಗೆ ಕೊಟ್ಟಷ್ಟೇ ಭದ್ರ ಎಂದು ಬ್ಯಾಂಕುಗಳು ಭಾವಿಸಿದವು. ಜರ್ಮನಿಗಿಂತ ತುಸುವೇ ಹೆಚ್ಚು ಬಡ್ಡಿಗೆ ಗ್ರೀಸ್ ಸರ್ಕಾರಕ್ಕೆ ಹಣ ಸಿಗತೊಡಗಿತು. ತೆರಿಗೆ ವಸೂಲಿ ಸಡಿಲವಾಗಿತ್ತು, ಖರ್ಚು ಬೆಳೆಯಿತು. 2009ರ ಅಕ್ಟೋಬರ್‌ನಲ್ಲಿ ಅಧಿಕಾರಕ್ಕೆ ಬಂದ ಜಾರ್ಜ್ ಪಪಾಂಡ್ರೂ ಅವರ ಸರ್ಕಾರ, ಹಿಂದಿನವರು ಹೇಳಿದ್ದಕ್ಕಿಂತ ಕೊರತೆ ಬಹಳ ದೊಡ್ಡದು, ಜಿಡಿಪಿಯ ಶೇ 12ಕ್ಕೂ ಹೆಚ್ಚು ಎಂದು ಪ್ರಕಟಿಸಿತು. ಮುಂದೆ ಲೆಕ್ಕ ತಿದ್ದಿದಾಗ ಅದು ಶೇ 15ನ್ನು ದಾಟಿತು. ನಂಬಿಕೆ ಕುಸಿದು ಬಡ್ಡಿ ಏರಿತು. 2010ರ ಏಪ್ರಿಲ್‌ನಲ್ಲಿ ಗ್ರೀಸ್ ಸಹಾಯ ಕೇಳಿತು. ಇಲ್ಲಿಯವರೆಗಿನ ಕಥೆಗೆ ಗಾದೆ ಹೊಂದುತ್ತದೆ.

ಹುಡುಗಿಯ ಪ್ರಶ್ನೆ ಹುಟ್ಟುವುದು ಇದರ ಮುಂದೆ. ಸ್ವಂತ ನಾಣ್ಯ ಇರುವ ದೇಶ ಇಂಥ ಹೊತ್ತಿನಲ್ಲಿ ಏನು ಮಾಡುತ್ತದೆ? ನಮ್ಮಲ್ಲೇ ಉದಾಹರಣೆ ಇದೆ. 1991ರಲ್ಲಿ ಭಾರತದ ವಿದೇಶಿ ವಿನಿಮಯ ಸಂಗ್ರಹ ಬರಿದಾಗುತ್ತ ಬಂದಿತ್ತು. ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನವನ್ನು ವಿದೇಶಿ ಬ್ಯಾಂಕುಗಳಲ್ಲಿ ಅಡವಿಟ್ಟಿತು, ಐಎಂಎಫ್‌ನಿಂದ ಸಾಲ ಪಡೆಯಿತು. ಜೊತೆಗೆ ಜುಲೈ 1 ಮತ್ತು 3ರಂದು ಎರಡು ಹಂತಗಳಲ್ಲಿ ರೂಪಾಯಿಯನ್ನು ಅಪಮೌಲ್ಯಗೊಳಿಸಿತು. ಡಾಲರ್ ಬೆಲೆ ಸುಮಾರು 21 ರೂಪಾಯಿಯಿಂದ ಸುಮಾರು 26ಕ್ಕೆ ಏರಿತು. ಹೊರಗಿನವರಿಗೆ ನಮ್ಮ ಸರಕು ಅಗ್ಗವಾಯಿತು, ನಮಗೆ ಆಮದು ದುಬಾರಿಯಾಯಿತು. ಕಷ್ಟ ಎಲ್ಲರಿಗೂ ಹಂಚಿಹೋಯಿತು, ಯಾರ ಸಂಬಳದ ಚೀಟಿಯನ್ನೂ ತಿದ್ದಬೇಕಾಗಲಿಲ್ಲ.

ಗ್ರೀಸ್ ಕೂಡ 1983 ಮತ್ತು 1985ರಲ್ಲಿ ದ್ರಾಕ್ಮಾದ ಬೆಲೆ ಇಳಿಸಿತ್ತು. 2010ರಲ್ಲಿ ಆ ದಾರಿ ಮುಚ್ಚಿತ್ತು. ನೋಟು ಅಚ್ಚು ಹಾಕಿದ್ದರೆ ಬೆಲೆ ಏರಿಕೆಯ ಬರೆ ಬೀಳುತ್ತಿತ್ತು, ನಿಜ. ಆದರೆ ಆ ಆಯ್ಕೆಯೇ ಅಥೆನ್ಸ್ ಕೈಯಲ್ಲಿರಲಿಲ್ಲ. ಹುಡುಗಿಯ ಪ್ರಶ್ನೆಗೆ ನೇರ ಉತ್ತರ ಇದು: “ಅವರು ಬಳಸುತ್ತಿದ್ದ ನೋಟು ಅವರೊಬ್ಬರದಾಗಿರಲಿಲ್ಲ.”

ಕಾಲು ಮಡಚಿದಾಗ ಹಾಸಿಗೆಯೇ ಕಿರಿದಾಯಿತು

2010ರ ಮೇ ತಿಂಗಳಲ್ಲಿ ಯೂರೋ ದೇಶಗಳು ಮತ್ತು ಐಎಂಎಫ್ ಸೇರಿ 11,000 ಕೋಟಿ ಯೂರೋ ಸಾಲ ಒಪ್ಪಿದವು. ಷರತ್ತು ಒಂದೇ ಬಗೆಯದು: ಖರ್ಚು ಕಡಿತ, ತೆರಿಗೆ ಏರಿಕೆ. ನಾಣ್ಯದ ಬೆಲೆ ಇಳಿಸಲಾಗದಿದ್ದಾಗ ಸಂಬಳ, ಪಿಂಚಣಿಗಳನ್ನೇ ಇಳಿಸಬೇಕು. ಪಿಂಚಣಿಯನ್ನು ಹಲವು ಸಲ ಕಡಿಮೆ ಮಾಡಲಾಯಿತು. 2012ರಲ್ಲಿ ಕನಿಷ್ಠ ವೇತನವನ್ನು ಶೇ 22ರಷ್ಟು ಕತ್ತರಿಸಲಾಯಿತು. 25 ವರ್ಷದೊಳಗಿನವರಿಗೆ ಶೇ 32. ಅದೇ ವರ್ಷ ಖಾಸಗಿಯಾಗಿ ಸಾಲ ಕೊಟ್ಟವರು ತಮ್ಮ ಬಾಂಡುಗಳ ಮುಖಬೆಲೆಯಲ್ಲಿ ಅರ್ಧಕ್ಕೂ ಹೆಚ್ಚನ್ನು ಬಿಟ್ಟುಕೊಟ್ಟರು.

ಇಷ್ಟೆಲ್ಲ ಆದ ಮೇಲೆ ಸಾಲದ ಹೊರೆ ಇಳಿಯಬೇಕಿತ್ತಲ್ಲವೇ? ಇಲ್ಲಿ ಕಪ್ಪು ಹಲಗೆಯ ಮೇಲೆ ಒಂದು ಭಿನ್ನರಾಶಿ ಬರೆಯಿರಿ. ಅಂಶದಲ್ಲಿ ಸಾಲ, ಛೇದದಲ್ಲಿ ಜಿಡಿಪಿ. ಅಂಕಿಗಳು ದುಂಡಾಗಿಸಿದವು.

2009: ಸಾಲ 30,000 ಕೋಟಿ ಯೂರೋ, ಜಿಡಿಪಿ 23,700 ಕೋಟಿ ಯೂರೋ. ಅನುಪಾತ ಸುಮಾರು ಶೇ 127.
2014: ಸಾಲ 32,000 ಕೋಟಿ ಯೂರೋ, ಜಿಡಿಪಿ 17,800 ಕೋಟಿ ಯೂರೋ. ಅನುಪಾತ ಸುಮಾರು ಶೇ 180.

ಭಾಗಾಕಾರವನ್ನು ವಿದ್ಯಾರ್ಥಿಗಳೇ ಮಾಡಲಿ. ಸಾಲ ಹೆಚ್ಚಿದ್ದು ಸ್ವಲ್ಪ, ಹೊರೆ ಹೆಚ್ಚಿದ್ದು ಬಹಳ. ಕಾರಣ ಛೇದ ಕುಗ್ಗಿದ್ದು. ಒಂದು ಮನೆ ಖರ್ಚು ಕಡಿಮೆ ಮಾಡಿದರೆ ಆ ಮನೆಯ ಯಜಮಾನನ ಸಂಬಳ ಇಳಿಯುವುದಿಲ್ಲ. ಇಡೀ ದೇಶ ಒಟ್ಟಿಗೆ ಖರ್ಚು ಕಡಿಮೆ ಮಾಡಿದರೆ ಒಬ್ಬರು ಉಳಿಸಿದ ಖರ್ಚು ಇನ್ನೊಬ್ಬರ ಕಳೆದುಹೋದ ಆದಾಯವಾಗುತ್ತದೆ. ಅಂಗಡಿ ಮುಚ್ಚುತ್ತದೆ, ತೆರಿಗೆ ಕಡಿಮೆಯಾಗುತ್ತದೆ. 2013ರಲ್ಲಿ ನಿರುದ್ಯೋಗ ಶೇ 27ನ್ನು ದಾಟಿತು. ದುಡಿಯಲು ಸಿದ್ಧರಿದ್ದ 25 ವರ್ಷದೊಳಗಿನವರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಕೆಲಸವಿರಲಿಲ್ಲ. ಕಡಿತದಿಂದ ಆಗುವ ಕುಸಿತವನ್ನು ತಾನು ಕಡಿಮೆ ಅಂದಾಜು ಮಾಡಿದ್ದಾಗಿ ಐಎಂಎಫ್ ಕೂಡ 2013ರಲ್ಲಿ ಒಪ್ಪಿಕೊಂಡಿತು.

ಒಕ್ಕೂಟದೊಳಗಿನ ತಕರಾರು

ಒಂದೇ ಕಡೆಯ ಕಥೆ ಹೇಳಿದರೆ ಪಾಠ ಓರೆಯಾಗುತ್ತದೆ. ಸಾಲ ಕೊಟ್ಟವರ ವಾದಕ್ಕೂ ಆಧಾರವಿತ್ತು. ಒಂದು ದೇಶದ ಸಾಲಕ್ಕೆ ಇನ್ನೊಂದು ದೇಶ ಹೊಣೆಯಲ್ಲ ಎಂದು ಒಕ್ಕೂಟದ ಒಪ್ಪಂದದಲ್ಲೇ ಬರೆದಿತ್ತು. ಸ್ಲೊವಾಕಿಯಾ ಆಗ ಗ್ರೀಸ್‌ಗಿಂತ ಬಡ ದೇಶ. ನಮಗಿಂತ ಹೆಚ್ಚು ಆದಾಯ ಇರುವವರಿಗೆ ನಾವೇಕೆ ಕೊಡಬೇಕು ಎಂಬ ಮಾತು ಅಲ್ಲಿ ಎದ್ದಿತು. 2010ರಲ್ಲಿ ಮೊದಲ ಸಾಲದಲ್ಲಿ ಪಾಲು ಕೊಡಲು ಅದರ ಸಂಸತ್ತು ನಿರಾಕರಿಸಿತು. ಗ್ರೀಕರ ವಾದವೂ ಹಗುರವಲ್ಲ. ಬಂದ ಹಣದ ದೊಡ್ಡ ಭಾಗ ಹಳೆಯ ಸಾಲ ತೀರಿಸಲು ಹೋಯಿತು. ಆ ಹಳೆಯ ಸಾಲ ಕೊಟ್ಟವರಲ್ಲಿ ಫ್ರಾನ್ಸ್, ಜರ್ಮನಿಯ ಬ್ಯಾಂಕುಗಳೂ ಇದ್ದವು. ಯೋಚಿಸದೆ ಸಾಲ ಕೊಟ್ಟವರು ಪಾರಾದರು, ಪಿಂಚಣಿದಾರರು ತೆತ್ತರು ಎಂಬುದು ಅವರ ಸಿಟ್ಟು.

2015ರಲ್ಲಿ ಈ ತಿಕ್ಕಾಟ ತುದಿ ಮುಟ್ಟಿತು. ಜನವರಿಯಲ್ಲಿ ಅಲೆಕ್ಸಿಸ್ ಸಿಪ್ರಾಸ್ ಅವರ ಸಿರಿಜಾ ಪಕ್ಷ ಕಡಿತವನ್ನು ವಿರೋಧಿಸಿ ಗೆದ್ದಿತು. ಜೂನ್ ಕೊನೆಗೆ ಮಾತುಕತೆ ಮುರಿಯಿತು. ಬ್ಯಾಂಕುಗಳು ಮೂರು ವಾರ ಮುಚ್ಚಿದವು. ಎಟಿಎಂನಲ್ಲಿ ದಿನಕ್ಕೆ 60 ಯೂರೋ ಮಾತ್ರ. ಜುಲೈ 5ರ ಜನಮತ ಸಂಗ್ರಹದಲ್ಲಿ ಶೇ 61 ಜನ ಷರತ್ತುಗಳಿಗೆ ‘ಬೇಡ’ ಎಂದರು. ಆದರೂ ಜುಲೈ 13ರಂದು ಸರ್ಕಾರ ಕಠಿಣ ಷರತ್ತುಗಳಿಗೆ ಒಪ್ಪಿತು. ಯೂರೋ ಬಿಟ್ಟು ಹೋಗುವುದು ಇನ್ನೂ ಭಯದ ದಾರಿಯಾಗಿತ್ತು. ಹೊಸ ದ್ರಾಕ್ಮಾದ ಬೆಲೆ ಕುಸಿದರೆ ಯೂರೋದಲ್ಲಿದ್ದ ಸಾಲದ ಹೊರೆ ಮತ್ತೂ ಏರುತ್ತದೆ, ಜನರ ಉಳಿತಾಯ ಕರಗುತ್ತದೆ. ಮೂರನೆಯ ಸಾಲದ ಕಾರ್ಯಕ್ರಮ 2018ರ ಆಗಸ್ಟ್‌ನಲ್ಲಿ ಮುಗಿಯಿತು.

ನಮ್ಮ ರೂಪಾಯಿಯ ಹೋಲಿಕೆ

ವಿದ್ಯಾರ್ಥಿಗಳ ಪೂರ್ವಜ್ಞಾನಕ್ಕೆ ಇದನ್ನು ಜೋಡಿಸಲು ಹತ್ತಿರದ ಎಳೆ ರೂಪಾಯಿ. ಕರ್ನಾಟಕವೂ ನೋಟು ಅಚ್ಚು ಹಾಕುವಂತಿಲ್ಲ, ಬಿಹಾರವೂ ಹಾಕುವಂತಿಲ್ಲ. ಹಾಗಾದರೆ ನಮ್ಮ ರಾಜ್ಯಗಳು ಗ್ರೀಸ್‌ನಂತೆ ಏಕೆ ಸಿಕ್ಕಿಬೀಳಲಿಲ್ಲ? ನಮ್ಮಲ್ಲಿ ಒಂದೇ ನಾಣ್ಯದ ಜೊತೆಗೆ ದೊಡ್ಡ ಕೇಂದ್ರ ಬಜೆಟ್ ಇದೆ. 15ನೇ ಹಣಕಾಸು ಆಯೋಗ ಹಂಚಿಕೆಗೆ ಬರುವ ಕೇಂದ್ರ ತೆರಿಗೆಯ ಶೇ 41ನ್ನು ರಾಜ್ಯಗಳಿಗೆ ಕೊಟ್ಟಿತು. ಯುರೋಪಿಯನ್ ಒಕ್ಕೂಟದ ಬಜೆಟ್ಟಾದರೋ ಸದಸ್ಯ ದೇಶಗಳ ಒಟ್ಟು ಆದಾಯದ ಶೇ 1ರ ಆಸುಪಾಸು ಮಾತ್ರ.

ಹಾಗೆಂದು ನಮ್ಮಲ್ಲಿ ತಕರಾರಿಲ್ಲ ಎಂದಲ್ಲ. ಅದೇ ಆಯೋಗದ ಹಂಚಿಕೆಯಲ್ಲಿ ಕರ್ನಾಟಕದ ಪಾಲು ಶೇ 4.713ರಿಂದ ಶೇ 3.647ಕ್ಕೆ ಇಳಿದಾಗ ಎದ್ದ ಅಸಮಾಧಾನ ವಿದ್ಯಾರ್ಥಿಗಳ ಕಿವಿಗೂ ಬಿದ್ದಿರುತ್ತದೆ. ಯಾರು ಕೊಡಬೇಕು, ಯಾರು ಪಡೆಯಬೇಕು ಎಂಬ ಪ್ರಶ್ನೆ ಒಂದೇ ನಾಣ್ಯದ ಎಲ್ಲ ಕಡೆಯೂ ಇದೆ. ಅದನ್ನು ಇತ್ಯರ್ಥ ಮಾಡುವ ಸಂಸ್ಥೆ ಮೊದಲೇ ಇತ್ತೇ, ಬಿಕ್ಕಟ್ಟು ಬಂದ ಮೇಲೆ ಕಟ್ಟಬೇಕಾಯಿತೇ ಎಂಬುದರಲ್ಲಿ ವ್ಯತ್ಯಾಸವಿದೆ. ಯೂರೋ ದೇಶಗಳು ಸಂಕಷ್ಟದ ಸಾಲಕ್ಕೆಂದು ಶಾಶ್ವತ ನಿಧಿ ಸ್ಥಾಪಿಸಿದ್ದು 2012ರಲ್ಲಿ.

ತರಗತಿಗೆ ಕೆಲವು ಸೂಚನೆಗಳು

ಮೊದಲನೆಯದು, ‘ಗ್ರೀಕರು ಸೋಮಾರಿಗಳು’ ಎಂಬಂಥ ಮಾತು ಪಾಠದಲ್ಲಿ ನುಸುಳದಿರಲಿ. ಅದು ಆರ್ಥಿಕ ಕಾರಣವನ್ನು ಜನರ ಸ್ವಭಾವಕ್ಕೆ ಅಂಟಿಸುತ್ತದೆ, ನಾಳೆ ಅದೇ ಮಾತು ಇನ್ನೊಂದು ಜಿಲ್ಲೆಯ, ಇನ್ನೊಂದು ರಾಜ್ಯದ ಜನರ ಮೇಲೂ ಬೀಳುತ್ತದೆ. ಎರಡನೆಯದು, ಗಾದೆಯನ್ನು ಅಳಿಸಬೇಡಿ. ಪಾಠದ ಆರಂಭದಲ್ಲಿ ಬರೆದು, ಭಿನ್ನರಾಶಿಯ ಲೆಕ್ಕ ಮುಗಿದ ಮೇಲೆ ‘ಇದು ಎಲ್ಲಿಯವರೆಗೆ ಸರಿ?’ ಎಂದು ಕೇಳಿ. ಮೂರನೆಯದು, ತರಗತಿಯನ್ನು ಎರಡು ಗುಂಪು ಮಾಡಿ. ಒಂದು ಗುಂಪು ಅಥೆನ್ಸ್‌ನ ಪಿಂಚಣಿದಾರರ ಪರ, ಇನ್ನೊಂದು ಸ್ಲೊವಾಕಿಯಾದ ತೆರಿಗೆದಾರರ ಪರ ಎರಡೆರಡು ನಿಮಿಷ ಮಾತಾಡಲಿ. ಆಮೇಲೆ ಪಾತ್ರ ಬದಲಿಸಿ. ಮೌಲ್ಯಮಾಪನಕ್ಕೆ ಒಂದು ಪ್ರಶ್ನೆ ಸಾಕು: 1991ರಲ್ಲಿ ಭಾರತಕ್ಕಿದ್ದ ಯಾವ ಆಯ್ಕೆ 2010ರಲ್ಲಿ ಗ್ರೀಸ್‌ಗೆ ಇರಲಿಲ್ಲ, ಅದರ ಬೆಲೆಯನ್ನು ಯಾರು ತೆತ್ತರು?

ಆ ಪ್ರಶಿಕ್ಷಣಾರ್ಥಿಯೊಂದಿಗೆ ಪಾಠದ ನಂತರ ಮಾತಾಡಿದಾಗ ಅವರು ಮುಚ್ಚುಮರೆಯಿಲ್ಲದೆ ಹೇಳಿದರು: “ಸರ್, ಉತ್ತರ ನನಗೇ ಗೊತ್ತಿರಲಿಲ್ಲ. ನೀವು ಹಿಂದೆ ಕೂತು ಅಂಕ ಹಾಕ್ತಿದ್ರಿ, ಗೊತ್ತಿಲ್ಲ ಅನ್ನೋಕೆ ಹೆದರಿಕೆ ಆಯ್ತು.” ಇದರಲ್ಲಿ ನಮ್ಮಂಥ ವೀಕ್ಷಕರ ಪಾಲೂ ಇದೆ. ‘ನಾಳೆ ನೋಡಿಕೊಂಡು ಬಂದು ಹೇಳ್ತೀನಿ’ ಎನ್ನುವ ಪ್ರಶಿಕ್ಷಣಾರ್ಥಿಗೆ ನಮ್ಮ ವೀಕ್ಷಣಾ ನಮೂನೆಯಲ್ಲಿ ಅಂಕ ಕಡಿಮೆಯಾಗಬಾರದು. ಮರುದಿನ ಅವರು ಪಾಠದ ಮೊದಲ ಹತ್ತು ನಿಮಿಷವನ್ನು ಆ ಹುಡುಗಿಯ ಪ್ರಶ್ನೆಗೇ ಕೊಟ್ಟರು. ಭಿನ್ನರಾಶಿಯನ್ನು ಹಲಗೆಯ ಮೇಲೆ ಬಿಡಿಸಿದ್ದು ಆ ಹುಡುಗಿಯೇ.